ಕ್ಯಾಚ್ ಕ್ಯಾನ್ ತುಂಬಿ ಚೆಲ್ಲುತ್ತಿದ್ದ ಟರ್ಬೊ ಕಾರನ್ನು ಎಂಜಿನ್ ಬಿಚ್ಚದೆ ಸರಿಪಡಿಸಿದ್ದು

ಎಂಜಿನ್ನಿನ ಒಳಗಿಂದ ಬರುವ ಅನಿಲದಲ್ಲಿನ ಆಯಿಲನ್ನು ಹಿಡಿಯುವ ಡಬ್ಬಿ, ಅಂದರೆ ಆಯಿಲ್ ಕ್ಯಾಚ್ ಕ್ಯಾನ್, ತುಂಬಿ ಚೆಲ್ಲುತ್ತಿದೆ ಎಂದರೆ ನಮ್ಮ ಕಲಬುರಗಿಯ ಗ್ಯಾರೇಜುಗಳಲ್ಲಿ ಎರಡೇ ಉತ್ತರಗಳು ಸಿಗುತ್ತವೆ. ಒಂದು, ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು. ಇನ್ನೊಂದು, ಡಬ್ಬಿ ಚಿಕ್ಕದಾಯಿತು, ದೊಡ್ಡದು ಹಾಕಿ. ಯಾದಗಿರಿಯ ತೊಗರಿ ವ್ಯಾಪಾರಿಯೊಬ್ಬರು ತಮ್ಮ 1.4 ಲೀಟರಿನ ಟರ್ಬೊ ಪೆಟ್ರೋಲ್ ಕಾರನ್ನು ನನ್ನ ಬಳಿ ತರುವ ಹೊತ್ತಿಗೆ ಈ ಎರಡೂ ಉತ್ತರಗಳನ್ನು ಕೇಳಿ ದಣಿದಿದ್ದರು. ರಿಂಗ್ ಕೆಲಸಕ್ಕೆ ಎಪ್ಪತ್ತು ಸಾವಿರದ ಮೇಲೆ, ನೀಲಿ ಹೊಗೆ ನೋಡಿ ಹೇಳಿದ ಟರ್ಬೊ ಬದಲಾವಣೆಗೆ ಇನ್ನೂ ಅರವತ್ತು ಸಾವಿರದಷ್ಟು ಅಂದಾಜು ಅವರ ಕೈಯಲ್ಲಿತ್ತು. ದೊಡ್ಡ ಡಬ್ಬಿಗೆಂದು ನಾಲ್ಕೈದು ಸಾವಿರ, ಗಟ್ಟಿ ಆಯಿಲ್ ಹಾಕಿದರೆ ಕಡಿಮೆಯಾಗುತ್ತದೆ ಎಂಬ ಮಾತು ನಂಬಿ ಮತ್ತೆ ಮೂರು ಸಾವಿರ ಆಗಲೇ ಖರ್ಚಾಗಿತ್ತು. ಚಿಕ್ಕ ಡಬ್ಬಿ ನೂರು ಕಿಲೋಮೀಟರಿಗೆ ತುಂಬುತ್ತಿದ್ದರೆ, ಸುಮಾರು 400 ಮಿಲಿಲೀಟರಿನ ಹೊಸ ಡಬ್ಬಿ ಹೈದರಾಬಾದ್ ಮುಟ್ಟುವಷ್ಟರಲ್ಲಿ ತುಂಬಿ, ಅನಿಲ ಹೊರಬಿಡಲು ಮೇಲೆ ಇಟ್ಟ ಬ್ರೀದರ್ ಫಿಲ್ಟರಿನಿಂದ ಉಕ್ಕಿ ಎಗ್ಜಾಸ್ಟ್ ಕಡೆಗೆ ಹರಿಯುತ್ತಿತ್ತು. ಕಾದ ಎಗ್ಜಾಸ್ಟ್ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಬೀಳುವುದು ಬೆಂಕಿಗೆ ದಾರಿ. ಆದ್ದರಿಂದ ಅದನ್ನು ಹಾಗೆಯೇ ಓಡಿಸಲು ನಾನು ಒಪ್ಪಲಿಲ್ಲ.

ಮಾಲೀಕರು ಹೇಳಿದ ಒಂದು ವಿಷಯವನ್ನು ಹಿಂದಿನವರು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಊರೊಳಗೆ ವಾರಗಟ್ಟಲೆ ಓಡಾಡಿದರೂ ಡಬ್ಬಿಯಲ್ಲಿ ಎರಡು ಚಮಚ ಆಯಿಲ್ ಕೂಡ ಸೇರುತ್ತಿರಲಿಲ್ಲ. ಹೆದ್ದಾರಿಯಲ್ಲಿ ಬೂಸ್ಟ್ ಹಿಡಿದು, ಎಂದರೆ ಟರ್ಬೊ ಒತ್ತಡದ ಗಾಳಿ ತುಂಬುವಂತೆ, ಓಡಿಸಿದಾಗ ಮಾತ್ರ ತುಂಬುತ್ತಿತ್ತು. ರಿಂಗ್ ಆ ಮಟ್ಟಕ್ಕೆ ಸವೆದಿದ್ದರೆ ಊರೊಳಗೂ ಅದರ ಗುರುತು ಕಾಣಬೇಕಿತ್ತು. ಬಿಸಿ ಎಂಜಿನ್ನಿನಲ್ಲಿ ಕಂಪ್ರೆಷನ್ ನೋಡಿದಾಗ ನಾಲ್ಕೂ ಸಿಲಿಂಡರುಗಳಲ್ಲಿ 160ರ ಆಸುಪಾಸು ಪಿಎಸ್‌ಐ ಬಂತು. ಸಿಲಿಂಡರಿಗೆ ಗಾಳಿ ತುಂಬಿ ನೋಡುವ ಸೋರಿಕೆ, ಎಂದರೆ ಲೀಕ್-ಡೌನ್, ಎಲ್ಲಿಯೂ ಶೇಕಡಾ ಹತ್ತನ್ನು ದಾಟಲಿಲ್ಲ. ಇಷ್ಟು ಒಳ್ಳೆಯ ಅಂಕಿಗಳಿರುವ ಎಂಜಿನ್ನನ್ನು ಬಿಚ್ಚುವುದು ಮಾಲೀಕರ ಹಣಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ಜೊತೆಯ ಮಿಸ್ತ್ರಿಗಳು, “ಉಸ್ತಾದ್, ಸುಮ್ನೆ ಯಾಕ್ ಟೈಮ್ ಹಾಳು ಮಾಡ್ಕೋತೀರಿ, ಹೆಡ್ ಎತ್ರಿ” ಎಂದೇ ಹೇಳುತ್ತಿದ್ದರು.

ನಾನು ಅಳೆಯಲು ಹೊರಟದ್ದು ಪಿಸ್ಟನ್ನುಗಳ ಕೆಳಗಿನ ಎಂಜಿನ್ ಭಾಗವಾದ ಕ್ರ್ಯಾಂಕ್‌ಕೇಸಿನೊಳಗಿನ ಒತ್ತಡವನ್ನು, ಅದೂ ಕಾರು ಬೂಸ್ಟಿನಲ್ಲಿ ಓಡುತ್ತಿರುವಾಗ. ಇದಕ್ಕೆ ದುಬಾರಿ ಗೇಜ್ ಬೇಕಾಗಿಲ್ಲ. ಶಹಾಬಾದ್ ಕಲ್ಲು ಹಾಸುವವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ಕೊಂಡು, ಒಂದು ಉದ್ದ ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಪಕ್ಕದಲ್ಲಿ ಅಳತೆ ಪಟ್ಟಿ ಅಂಟಿಸಿ, ಬಣ್ಣ ಬೆರೆಸಿದ ನೀರು ತುಂಬಿದೆ. ಡಿಪ್‌ಸ್ಟಿಕ್ ಕೊಳವೆಗೆ ರಬ್ಬರ್ ಪೈಪ್ ಬಿಗಿದು ಕಿಟಕಿಯ ಮೂಲಕ ಕ್ಯಾಬಿನ್ನಿಗೆ ತಂದು ಇದಕ್ಕೆ ಜೋಡಿಸಿದೆ. ನಡುವೆ ಒಂದು ಖಾಲಿ ಬಾಟಲಿಯನ್ನು ಕಡ್ಡಾಯವಾಗಿ ಸೇರಿಸಬೇಕು. ಇಲ್ಲದಿದ್ದರೆ ಥ್ರಾಟಲ್ ಬಿಟ್ಟಾಗ ಉಂಟಾಗುವ ನಿರ್ವಾತವು ನೀರನ್ನು ನೇರವಾಗಿ ಸಂಪ್ ಎಂಬ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಎಳೆದುಕೊಳ್ಳುತ್ತದೆ.

ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ದಾಟಿದ ಮೇಲೆ, ದಾರಿ ಖಾಲಿ ಇದ್ದಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟೆ. ಐಡಲಿನಲ್ಲಿ ಎರಡೂ ಕಡೆಯ ನೀರು ಹೆಚ್ಚು ಕಡಿಮೆ ಸಮವಾಗಿತ್ತು. ಬೂಸ್ಟ್ 0.4 ಬಾರ್ ದಾಟುತ್ತಿದ್ದಂತೆ ಒಂದು ಬದಿಯ ನೀರು ಸರಸರನೆ ಏರಿತು, 0.8 ಬಾರ್ ಹತ್ತಿರ ಬರುವಷ್ಟರಲ್ಲಿ ಮೇಲಿನ ಬಾಯಿಯಿಂದ ಚಿಮ್ಮಿ ಸೀಟಿನ ಮೇಲೆ ಬಿತ್ತು. ಎರಡು ಮಟ್ಟಗಳ ಅಂತರ ಒಂದು ಮೀಟರಿಗೆ ಸಮೀಪಿಸಿತ್ತು, ಎಂದರೆ ಸುಮಾರು 0.1 ಬಾರ್. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಈ ಅಂತರ ಕೆಲವೇ ಸೆಂಟಿಮೀಟರ್ ಇರುತ್ತದೆ. ಬೂಸ್ಟಿನ ಗಾಳಿ ಎಲ್ಲಿಂದಲೋ ನೇರವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಹಾಗೆ ನುಗ್ಗಲು ಇದ್ದ ದಾರಿ ಒಳಗಿನ ಅನಿಲವನ್ನು ಇಂಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗೆ) ಬಿಡುವ ಪಿಸಿವಿ ವಾಲ್ವ್. ಬೂಸ್ಟ್ ಬಂದಾಗ ಅದು ಮುಚ್ಚಿಕೊಳ್ಳಬೇಕು. ಹಿಂದಿನ ಗ್ಯಾರೇಜಿನವರು ಅದನ್ನು ಬಿಚ್ಚಿ, ಬಾಯಿಂದ ಊದಿ, ಸರಿಯಾಗಿದೆ ಎಂದು ಮತ್ತೆ ಕೂರಿಸಿದ್ದರು. ನಾನೂ ಊದಿ ನೋಡಿದೆ, ತಣ್ಣಗಿದ್ದಾಗ ಅದು ನಿಜಕ್ಕೂ ಗಾಳಿ ಹಿಡಿಯುತ್ತಿತ್ತು. ಆದರೆ ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 43 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಬಾನೆಟ್ ಕೆಳಗಿನ ಭಾಗವನ್ನು ತಣ್ಣಗಿರುವಾಗ ಪರೀಕ್ಷಿಸಿ ಏನು ಪ್ರಯೋಜನ? ವಾಲ್ವಿನ ಎರಡೂ ಬಾಯಿಗಳಿಗೆ ಪೈಪ್ ಸಿಕ್ಕಿಸಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ಮ್ಯಾನಿಫೋಲ್ಡ್ ಬದಿಯಿಂದ ಕಂಪ್ರೆಸರಿನ ಅರ್ಧ ಬಾರ್ ಗಾಳಿ ಕೊಟ್ಟೆ. ಇನ್ನೊಂದು ಪೈಪಿನ ತುದಿಯನ್ನು ನೀರಿನ ಲೋಟದಲ್ಲಿ ಇಟ್ಟಿದ್ದೆ. ಗುಳ್ಳೆಗಳು ಧಾರೆಯಾಗಿ ಎದ್ದವು. ಒಳಗಿನ ರಬ್ಬರ್ ಬಿಸಿಗೆ ಮೆತ್ತಗಾಗಿ ತಾನು ಕೂತು ಮುಚ್ಚಬೇಕಾದ ಜಾಗದಿಂದ ಸರಿಯುತ್ತಿತ್ತು. ಸ್ಕ್ಯಾನರಿನಲ್ಲಿ ಒಂದು ಕೋಡ್ ಕೂಡ ತೋರಿಸದ ದೋಷವನ್ನು ಲೆವೆಲ್ ಪೈಪ್ ಮತ್ತು ಬಿಸಿ ನೀರು ತೋರಿಸಿದವು ಎಂಬುದರ ಬಗ್ಗೆ ನನಗೆ ಹೆಮ್ಮೆಯಿದೆ.

ಹೊಸ ವಾಲ್ವ್ ಹೈದರಾಬಾದಿನಿಂದ ತರಿಸಲು ಎರಡು ಸಾವಿರದೊಳಗೆ ಆಯಿತು. ಹಾಕಿದ ಮೇಲೆ ಅಂತರ ಹದಿನೈದು ಸೆಂಟಿಮೀಟರಿಗೆ ಇಳಿಯಿತು, ಡಬ್ಬಿ ತುಂಬುವುದು ಬಹಳ ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಉಳಿದದ್ದಕ್ಕೆ ಕಾರಣ ಪೈಪಿನ ಅಳತೆ. ವಾಲ್ವ್ ಕವರಿನಿಂದ ಡಬ್ಬಿಗೆ 10 ಮಿಲಿಮೀಟರ್ ಒಳವ್ಯಾಸದ ಪೈಪ್ ಹಾಕಿದ್ದರು. ಅದನ್ನು 19 ಮಿಲಿಮೀಟರಿಗೆ ಏರಿಸಿದರೆ ದಾರಿ ಮೂರೂವರೆ ಪಟ್ಟು ಅಗಲವಾಗುತ್ತದೆ, ಅನಿಲದ ವೇಗ ಅಷ್ಟೇ ಪಟ್ಟು ತಗ್ಗುತ್ತದೆ, ನಿಧಾನವಾಗಿ ಹೋಗುವ ಅನಿಲವು ಆಯಿಲ್ ಹನಿಗಳನ್ನು ಹೊತ್ತೊಯ್ಯಲಾರದು. ಡಬ್ಬಿಯ ಮೇಲಿನ ಬ್ರೀದರ್ ಫಿಲ್ಟರನ್ನು ಕಿತ್ತುಹಾಕಿ, ಹೊರಬಾಯಿಯನ್ನು ಮೊದಲಿನಂತೆ ಟರ್ಬೊದ ಮುಂದಿನ ಇನ್‌ಲೆಟ್ ಪೈಪಿಗೆ ಕೂಡಿಸಿದೆ. ಕ್ರ್ಯಾಂಕ್‌ಕೇಸ್ ಅನಿಲವನ್ನು ಹೊರಗೆ ಬಿಡುವುದು ಭಾರತ್ ಸ್ಟೇಜ್ (ಬಿಎಸ್) ಹೊಗೆ ಮಾನದಂಡಕ್ಕೂ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಬೂಸ್ಟಿನಲ್ಲಿ ಇನ್‌ಲೆಟ್ಟಿನ ಎಳೆತವೇ ಕ್ರ್ಯಾಂಕ್‌ಕೇಸನ್ನು ಖಾಲಿ ಮಾಡುತ್ತದೆ. ಆಮೇಲೆ ಅಳೆದಾಗ ಅಂತರ ಎರಡು ಮೂರು ಸೆಂಟಿಮೀಟರಿಗೆ ಬಂದು ನಿಂತಿತು.

ಡಬ್ಬಿಯೊಳಗೆ ಏನು ತುಂಬಬೇಕು ಎಂಬ ಬಗ್ಗೆಯೂ ಕೆಲವು ಪ್ರಯೋಗ ಮಾಡಿದೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಆಯಿಲನ್ನು ಚೆನ್ನಾಗಿ ಹಿಡಿಯಿತು, ಆದರೆ ಕೆಲ ದಿನಗಳಲ್ಲಿ ಅದರ ಎಳೆಗಳು ಕತ್ತರಿಸಿ ಡಬ್ಬಿಯ ತಳದಲ್ಲಿ ಕಂಡವು. ಅವು ಟರ್ಬೊದ ಕಂಪ್ರೆಸರ್ ಚಕ್ರಕ್ಕೆ ಹೋದರೆ ಆಗುವ ನಷ್ಟ ನಿಮಗೆ ಗೊತ್ತೇ ಇದೆ. ಸ್ಪಂಜು ಆಯಿಲಿಗೆ ಕರಗಿತು. ಕೊನೆಗೆ ತೂತುಗಳುಳ್ಳ ಎರಡು ಅಲ್ಯೂಮಿನಿಯಂ ತಟ್ಟೆಗಳನ್ನು ಒಳಗೆ ಅಡ್ಡಲಾಗಿ ಕೂರಿಸಿದೆ. ತೂತುಗಳ ಗಾತ್ರವನ್ನೂ ತಟ್ಟೆಗಳ ನಡುವಿನ ಅಂತರವನ್ನೂ ಇಲ್ಲಿ ಬರೆಯುವುದಿಲ್ಲ, ಅವುಗಳನ್ನು ಹೊಂದಿಸಲು ಬಹಳ ಹಣ ಸುರಿದಿದ್ದೇನೆ. ಡಬ್ಬಿಯನ್ನು ಎಂಜಿನ್ ಪಕ್ಕದಿಂದ ತೆಗೆದು, ಗಾಳಿ ತಾಗುವ ಹೆಡ್‌ಲೈಟ್ ಹಿಂಭಾಗಕ್ಕೆ ಸರಿಸಿದ್ದರಿಂದ ಆವಿ ಬೇಗ ತಣಿದು ಒಳಗೇ ಉಳಿಯುತ್ತದೆ. ಸಂಪಿನ ಆಯಿಲನ್ನು ಮೇಲಿನ ಗೆರೆಗೆ ತುಂಬದೆ, ಎರಡು ಗೆರೆಗಳ ನಡುವೆ ಇಡುವಂತೆ ಮಾಲೀಕರಿಗೆ ಹೇಳಿದ್ದೇನೆ.

ಟರ್ಬೊ ಸೀಲ್ ಹೋಗಿದೆ ಎಂದು ಹೇಳಲು ಆಧಾರವಾಗಿದ್ದ ನೀಲಿ ಹೊಗೆಯೂ ಇದರೊಂದಿಗೆ ನಿಂತಿತು. ಟರ್ಬೊದ ಆಯಿಲ್ ಕೆಳಗೆ ಇಳಿಯುವುದು ತನ್ನ ಭಾರದಿಂದ ಮಾತ್ರ. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡವಿದ್ದರೆ ಅದು ಇಳಿಯಲಾರದೆ ಸೀಲಿನ ಮೂಲಕ ಹೊರಬರುತ್ತದೆ. ಟರ್ಬೊ ಚೆನ್ನಾಗಿಯೇ ಇತ್ತು.

ವಾಲ್ವ್, ಪೈಪು, ಕ್ಲ್ಯಾಂಪು, ನನ್ನ ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ಸುತ್ತ ಬಿಲ್ ಆಯಿತು. ಆಮೇಲೆ ಆ ಕಾರು ಹೈದರಾಬಾದಿಗೆ ಹಲವು ಬಾರಿ ಹೋಗಿ ಬಂದಿದೆ. ಸಾವಿರ ಕಿಲೋಮೀಟರಿಗೆ ಮೂರು ನಾಲ್ಕು ಚಮಚ ಆಯಿಲ್ ಸೇರುತ್ತದೆ. ಚಳಿಗಾಲದಲ್ಲಿ ಅದರಲ್ಲಿ ಹಾಲಿನ ಬಣ್ಣದ ನೀರೂ ಬೆರೆತಿರುತ್ತದೆ. ಅದಕ್ಕೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಕಿಲ್ಲ, ಕೂಲಂಟ್ ಮಟ್ಟ ಇಳಿಯದಿದ್ದರೆ ಅದು ತಣಿದ ಆವಿ ಮಾತ್ರ. ಆ ದ್ರವವನ್ನು ಸಂಪಿಗೆ ವಾಪಸು ಸುರಿಯದೆ ಹಳೆಯ ಆಯಿಲಿನ ಡ್ರಮ್ಮಿಗೇ ಹಾಕಬೇಕು.