ಸ್ಟ್ಯಾಕ್ ಭಾಷೆಗೊಂದು ಪ್ರೊಸೆಸರ್: ವಿನ್ಯಾಸದಿಂದ ವರ್ಚುವಲೈಸೇಶನ್‌ವರೆಗೆ

ಫೋರ್ತ್‌ನಂಥ ಸ್ಟ್ಯಾಕ್ (ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ) ಆಧಾರಿತ ಭಾಷೆಯನ್ನು ನೇರವಾಗಿ ನಡೆಸುವ ಪುಟ್ಟ ಪ್ರೊಸೆಸರ್ ಒಂದನ್ನು ರೂಪಿಸುವ ಕೆಲಸ ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಿದೆ. ಪೂರ್ತಿ ಯಂತ್ರವನ್ನು ಒಬ್ಬರೇ ತಲೆಯಲ್ಲಿ ಇಟ್ಟುಕೊಳ್ಳಬಹುದು, ಬೇಕಾದ ಸಾಫ್ಟ್‌ವೇರೆಲ್ಲ ಉಚಿತವಾಗಿ ಸಿಗುತ್ತದೆ, ಬೋರ್ಡೂ ದುಬಾರಿಯಲ್ಲ. ಆದರೆ ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಕೂಡುವ, ಕಳೆಯುವ ಸರ್ಕ್ಯೂಟಿನಿಂದ ಆರಂಭಿಸಿ, ಸ್ಟ್ಯಾಕ್ ತುಂಬಿದಾಗ ಅಥವಾ ಬರಿದಾದಾಗ ಏನಾಗಬೇಕೆಂಬ ಪ್ರಶ್ನೆಯನ್ನು ಕಡೆಗೆ ಬಿಡುತ್ತಾರೆ. ಒಂದೇ ಪ್ರೊಸೆಸರಿನಲ್ಲಿ ಹಲವು ಪ್ರೋಗ್ರಾಮುಗಳು ಪರಸ್ಪರ ತಾಗದಂತೆ ನಡೆಯಬೇಕಾದರೆ, ಅಂದರೆ ವರ್ಚುವಲೈಸೇಶನ್ ಬೇಕಾದರೆ, ಮೊದಲು ತೀರ್ಮಾನಿಸಬೇಕಾದದ್ದು ಆ ಪ್ರಶ್ನೆಯನ್ನೇ. ಸ್ಟ್ಯಾಕಿನ ತಳ, ತುದಿ ಎಂಬ ಎರಡು ಅಂಚುಗಳು ನಿಶ್ಚಯವಾದರೆ ಉಳಿದ ವಿನ್ಯಾಸದ ಬಹುಪಾಲು ತಾನಾಗಿ ದಾರಿಗೆ ಬರುತ್ತದೆ.

ಕೆಲಸಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯೊಂದಕ್ಕೆ 42 ಕ್ವಿಂಟಲ್ ಮೆಕ್ಕೆಜೋಳ ಬಂದಿದೆ, ದರ ಕ್ವಿಂಟಲಿಗೆ 2150 ರೂಪಾಯಿ, ಹಮಾಲಿ ಮತ್ತಿತರ ಕಡಿತ 630 ರೂಪಾಯಿ ಎಂದು ಭಾವಿಸೋಣ. ಫೋರ್ತ್‌ನಲ್ಲಿ ಈ ಲೆಕ್ಕವನ್ನು ಹೀಗೆ ಬರೆಯುತ್ತಾರೆ:

42 2150 * 630 -

ಸಂಖ್ಯೆ ಎದುರಾದರೆ ಅದನ್ನು ಸ್ಟ್ಯಾಕಿನ ಮೇಲಿಡಬೇಕು, ಕ್ರಿಯೆ ಎದುರಾದರೆ ಮೇಲಿನ ಎರಡನ್ನು ತೆಗೆದು ಫಲಿತವನ್ನು ಅಲ್ಲೇ ಇಡಬೇಕು. ಗೋದಾಮಿನಲ್ಲಿ ಪೇರಿಸಿದ ಚೀಲಗಳಂತೆ ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಸಿಗುತ್ತದೆ. ಗುಣಾಕಾರದ ನಂತರ ಸ್ಟ್ಯಾಕಿನಲ್ಲಿ 90300 ಮಾತ್ರ ಇರುತ್ತದೆ, ಕೊನೆಗೆ 89670 ಉಳಿಯುತ್ತದೆ. ಆವರಣ ಚಿಹ್ನೆಯೂ ಬೇಡ, ಯಾವ ರಿಜಿಸ್ಟರಿನಲ್ಲಿ (ಪ್ರೊಸೆಸರಿನೊಳಗೆ ಸಂಖ್ಯೆಯಿಡುವ ಪುಟ್ಟ ಜಾಗ) ಏನಿದೆ ಎಂಬ ಲೆಕ್ಕವೂ ಬೇಡ. ಆದರೆ ಇದೇ ಸಾಲು ಯಂತ್ರದ ಪದದ (ಅದು ಒಂದು ಸಲಕ್ಕೆ ಹಿಡಿಯುವ ಸಂಖ್ಯೆಯ) ಅಗಲ ಎಷ್ಟಿರಬೇಕೆಂಬುದನ್ನೂ ಹೇಳಿಕೊಡುತ್ತದೆ. 16 ಬಿಟ್ಟಿನ ಯಂತ್ರದಲ್ಲಿ 65535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲವಾದ್ದರಿಂದ 90300 ಎಂಬುದು 24764 ಆಗಿ ಉಳಿಯುತ್ತದೆ; ಆ ಮೊತ್ತ ನೋಡಲು ಸರಿಯಾದ ಬಿಲ್ಲಿನಂತೆಯೇ ಕಾಣುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳದೆ ದಾಟಿಹೋಗಬಹುದು. ಹೀಗಾಗಿ ದತ್ತಾಂಶಕ್ಕೆ 32 ಬಿಟ್, ಇನ್‌ಸ್ಟ್ರಕ್ಷನ್‌ಗೆ 16 ಬಿಟ್ ಎಂಬ ಜೋಡಣೆಯನ್ನು ಈ ಬರಹದಲ್ಲಿ ಅನುಸರಿಸಲಾಗಿದೆ.

ಇಂಥ ಯಂತ್ರಗಳು ಹೊಸವೇನಲ್ಲ. 1961ರ ಬರೋಸ್ ಬಿ5000 ಆಲ್ಗಾಲ್ ಭಾಷೆಗಾಗಿಯೇ ರೂಪುಗೊಂಡ ಸ್ಟ್ಯಾಕ್ ಯಂತ್ರ. 2014ರ ನವೆಂಬರಿನಲ್ಲಿ ಧೂಮಕೇತುವಿನ ಮೇಲೆ ಇಳಿದ ಫಿಲೇ ನೌಕೆಯನ್ನು ನಡೆಸಿದ್ದು ಆರ್‌ಟಿಎಕ್ಸ್2010 ಎಂಬ ಸ್ಟ್ಯಾಕ್ ಪ್ರೊಸೆಸರ್. ಓದಿ ಅರ್ಥಮಾಡಿಕೊಳ್ಳಲು ಎಲ್ಲಕ್ಕಿಂತ ಅನುಕೂಲವಾದದ್ದು ಜೇಮ್ಸ್ ಬೌಮನ್ 2010ರಲ್ಲಿ ಪ್ರಕಟಿಸಿದ ಜೆ1. ಹಾರ್ಡ್‌ವೇರನ್ನು ವಿವರಿಸುವ ವೆರಿಲಾಗ್ ಭಾಷೆಯಲ್ಲಿ ಅದು ಸುಮಾರು ಇನ್ನೂರು ಸಾಲುಗಳಲ್ಲಿ ಮುಗಿಯುತ್ತದೆ.

ಬೋರ್ಡಿಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಬಸ್ಸು ಹತ್ತುವ ಮುನ್ನ ಸಿ ಭಾಷೆಯಲ್ಲಿ ಒಂದು ವರ್ಚುವಲ್ ಮಷಿನ್, ಅಂದರೆ ಈ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ, ಬರೆಯಿರಿ. ದತ್ತಾಂಶದ ಸ್ಟ್ಯಾಕ್ ಒಂದು, ಹಿಂದಿರುಗುವ ವಿಳಾಸಗಳ ರಿಟರ್ನ್ ಸ್ಟ್ಯಾಕ್ ಇನ್ನೊಂದು, ಮುಂದಿನ ಇನ್‌ಸ್ಟ್ರಕ್ಷನ್ ಎಲ್ಲಿದೆಯೆಂದು ಹೇಳುವ ಪ್ರೋಗ್ರಾಂ ಕೌಂಟರ್, ಮೆಮರಿ ಇಷ್ಟಿದ್ದರೆ ಸಾಕು. ಸ್ಟ್ಯಾಕಿನ ಮೇಲ್ತುದಿಯ ಮೌಲ್ಯವನ್ನು ಅರೇಯಲ್ಲಿ ಇಡದೆ ಪ್ರತ್ಯೇಕ ವೇರಿಯಬಲ್‌ನಲ್ಲಿ ಇರಿಸಬೇಕು; ವೇಗ ಹೆಚ್ಚುವುದು ಒಂದು ಲಾಭವಾದರೆ, ಹಾರ್ಡ್‌ವೇರಿನಲ್ಲೂ ಮೇಲ್ತುದಿಗೆ ಪ್ರತ್ಯೇಕ ರಿಜಿಸ್ಟರ್ ಇರುವುದರಿಂದ ಎರಡರ ರಚನೆಯೂ ಒಂದೇ ಆಗುವುದು ಇನ್ನೂ ದೊಡ್ಡ ಲಾಭ. ಪ್ರತಿ ಇನ್‌ಸ್ಟ್ರಕ್ಷನ್ ಮುಗಿದಾಗಲೂ ಪ್ರೋಗ್ರಾಂ ಕೌಂಟರ್, ಮೇಲ್ತುದಿಯ ಮೌಲ್ಯ, ಎರಡೂ ಸ್ಟ್ಯಾಕ್‌ಗಳ ಆಳ ಇವನ್ನು ಒಂದು ಸಾಲಿನಲ್ಲಿ ಫೈಲಿಗೆ ಬರೆಯುವ ಸೌಲಭ್ಯವನ್ನು ಮೊದಲ ದಿನವೇ ಸೇರಿಸಿ. ಮುಂದೆ ವೆರಿಲಾಗ್ ವಿನ್ಯಾಸವನ್ನು ಇಕಾರಸ್ ಸಿಮ್ಯುಲೇಟರಿನಲ್ಲಿ ಓಡಿಸಿದಾಗಲೂ ಅದೇ ಮಾದರಿಯ ಫೈಲ್ ಹೊರಡಿಸಿ ಎರಡನ್ನೂ ಹೋಲಿಸಿದರೆ, ಎರಡೂ ಬೇರೆಯಾಗುವ ಮೊದಲ ಸಾಲೇ ದೋಷದ ಜಾಗವನ್ನು ತೋರಿಸುತ್ತದೆ. ಸಿಮ್ಯುಲೇಟರ್ ತೋರಿಸುವ ಸಂಕೇತಗಳ ಅಲೆಗಳ ಚಿತ್ರವನ್ನು ಗಂಟೆಗಟ್ಟಲೆ ದಿಟ್ಟಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇನ್‌ಸ್ಟ್ರಕ್ಷನ್‌ಗಳ ರೂಪವನ್ನು ಜೆ1ರಿಂದ ಧಾರಾಳವಾಗಿ ಎರವಲು ಪಡೆಯಬಹುದು. ಮೊದಲ ಬಿಟ್ 1 ಆಗಿದ್ದರೆ ಉಳಿದ 15 ಬಿಟ್ಟುಗಳು ಸ್ಟ್ಯಾಕಿಗೆ ಏರಬೇಕಾದ ಸಂಖ್ಯೆ. 0 ಆಗಿದ್ದರೆ ಮುಂದಿನ ಎರಡು ಬಿಟ್ಟುಗಳು ಜಿಗಿತ, ಷರತ್ತಿನ ಜಿಗಿತ, ಕರೆ, ಗಣಿತಕ್ರಿಯೆ ಈ ನಾಲ್ಕರಲ್ಲಿ ಒಂದನ್ನು ಆರಿಸುತ್ತವೆ. 32767ಕ್ಕಿಂತ ದೊಡ್ಡ ಸಂಖ್ಯೆಗಳಿಗೆ ಒಂದಕ್ಕಿಂತ ಹೆಚ್ಚು ಇನ್‌ಸ್ಟ್ರಕ್ಷನ್ ಬೇಕಾಗುತ್ತದೆ, ಅದನ್ನು ಕಂಪೈಲರಿಗೆ ಬಿಟ್ಟರಾಯಿತು. ಗಣಿತಕ್ರಿಯೆಯಲ್ಲೇ ಒಂದು ಬಿಟ್ ‘ಕರೆದಲ್ಲಿಗೆ ಹಿಂದಿರುಗು’ ಎಂದು ಸೂಚಿಸುವುದರಿಂದ ಹಿಂದಿರುಗಲು ಬಹಳಷ್ಟು ಸಲ ಪ್ರತ್ಯೇಕ ಕ್ಲಾಕ್ (ಪ್ರೊಸೆಸರಿನ ಒಂದು ಬಡಿತದ ಅವಧಿ) ಖರ್ಚಾಗುವುದೇ ಇಲ್ಲ. ಎಲ್ಲವನ್ನೂ ಚಿಕ್ಕ ಚಿಕ್ಕ ಪದಗಳಾಗಿ ಒಡೆದು ಬರೆಯುವ ಫೋರ್ತ್ ಪದ್ಧತಿಗೆ ಇದು ಬಹು ದೊಡ್ಡ ಉಪಕಾರ.

ಇನ್ನು ಅಂಚುಗಳ ವಿಚಾರ. ಸ್ಟ್ಯಾಕ್ ಎಷ್ಟು ಆಳಕ್ಕೆ ಹೋಗುತ್ತದೆಂಬುದನ್ನು ಮೊದಲೇ ತಿಳಿಯಬಹುದೇ ಎಂಬುದು ಭಾಷೆಯನ್ನು ಅವಲಂಬಿಸಿದೆ. ಜಾವಾ ವರ್ಚುವಲ್ ಮಷಿನ್‌ನಲ್ಲಿ ಪ್ರತಿ ಮೆಥಡ್‌ಗೆ ಬೇಕಾಗುವ ಗರಿಷ್ಠ ಸ್ಟ್ಯಾಕ್ ಎಷ್ಟೆಂಬುದು ಕ್ಲಾಸ್ ಫೈಲಿನಲ್ಲೇ ನಮೂದಾಗಿರುತ್ತದೆ, ಲೋಡ್ ಮಾಡುವಾಗಲೇ ಅದರ ಪರಿಶೀಲನೆ ಮುಗಿಯುತ್ತದೆ. ವೆಬ್‌ಅಸೆಂಬ್ಲಿಯಲ್ಲೂ ಹಾಗೆಯೇ: ಫಂಕ್ಷನ್‌ನ ಯಾವುದೇ ಜಾಗದಲ್ಲಿ ಸ್ಟ್ಯಾಕಿನ ಎತ್ತರ ಎಷ್ಟೆಂಬುದನ್ನು ಓಡಿಸದೆಯೇ ಹೇಳಬಹುದು. ಇಂಥ ಭಾಷೆಗಳಿಗೆ ಓಡುವಾಗ ಕಾಯಬೇಕಾದದ್ದು ಕರೆಗಳ ಆಳವನ್ನು ಮಾತ್ರ. ಫೋರ್ತ್‌ನಲ್ಲಿ ಆ ಭಾಗ್ಯವಿಲ್ಲ. ಅಲ್ಲಿನ ‘?ಡ್ಯೂಪ್’ ಎಂಬ ಪದ ಮೇಲ್ತುದಿಯ ಮೌಲ್ಯ ಸೊನ್ನೆಯಲ್ಲದಿದ್ದರೆ ಅದರ ಪ್ರತಿ ಇಡುತ್ತದೆ, ಸೊನ್ನೆಯಾಗಿದ್ದರೆ ಸುಮ್ಮನಿರುತ್ತದೆ. ಅಂದರೆ ಸ್ಟ್ಯಾಕಿನ ಆಳ ಓಡುವಾಗಿನ ದತ್ತಾಂಶದ ಮೇಲೆ ನಿಂತಿದೆ. ಆದ್ದರಿಂದ ಫೋರ್ತ್‌ಗಾಗಿ ಕಟ್ಟುವ ಪ್ರೊಸೆಸರ್ ಪ್ರತಿ ಹೆಜ್ಜೆಯಲ್ಲೂ ಎರಡೂ ಸ್ಟ್ಯಾಕ್‌ಗಳ ಅಂಚನ್ನು ತಾನೇ ನೋಡಿಕೊಳ್ಳಬೇಕು.

ಈಗ ಸ್ಟ್ಯಾಕ್ ಎಲ್ಲಿರಬೇಕು ಎಂಬ ಪ್ರಶ್ನೆ ಬರುತ್ತದೆ, ನನ್ನ ಮಟ್ಟಿಗೆ ಇಡೀ ವಿನ್ಯಾಸದ ತಿರುಳು ಇದೇ. ಲ್ಯಾಟಿಸ್‌ನ ಐಸ್40 ಯುಪಿ5ಕೆ ಎಂಬ ಎಫ್‌ಪಿಜಿಎ ಚಿಪ್ಪನ್ನು (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿ ತುಂಬಬಹುದಾದ ಚಿಪ್) ತೆಗೆದುಕೊಳ್ಳೋಣ; ಅದರಲ್ಲಿ 5280 ಲಾಜಿಕ್ ಸೆಲ್‌ಗಳೂ ತಲಾ 4 ಕಿಲೋಬಿಟ್‌ನ 30 ಬ್ಲಾಕ್ ರ‍್ಯಾಮ್‌ಗಳೂ ಇವೆ. ಸ್ಟ್ಯಾಕನ್ನು ಫ್ಲಿಪ್‌ಫ್ಲಾಪ್‌ಗಳ ಸಾಲಾಗಿ ಕಟ್ಟಿ, ಒಂದು ಇಟ್ಟಾಗ ಎಲ್ಲವೂ ಒಂದು ಹೆಜ್ಜೆ ಕೆಳಗೆ ಸರಿಯುವಂತೆ ಮಾಡುವುದು ಸುಲಭ, ಒಂದೇ ಪ್ರೋಗ್ರಾಂ ಓಡುವುದಾದರೆ ಅದು ಚೊಕ್ಕವಾದ ದಾರಿಯೂ ಹೌದು. ಆದರೆ ಅಂಥ ಸ್ಟ್ಯಾಕನ್ನು ಪಾಲು ಮಾಡಲಾಗದು. ಪ್ರೋಗ್ರಾಂ ಬದಲಾದಾಗಲೆಲ್ಲ ಒಂದೊಂದಾಗಿ ತೆಗೆದು ಮೆಮರಿಗೆ ಸಾಗಿಸಬೇಕಾಗುತ್ತದೆ. ವರ್ಚುವಲೈಸೇಶನ್ ಬೇಕೆಂದಿದ್ದರೆ ಬ್ಲಾಕ್ ರ‍್ಯಾಮ್ ಬಳಸಬೇಕು. 256 ಪದಗಳ, 16 ಬಿಟ್ ಅಗಲದ ಎರಡು ಬ್ಲಾಕ್‌ಗಳನ್ನು ಪಕ್ಕಪಕ್ಕ ಇಟ್ಟರೆ 32 ಬಿಟ್ ಅಗಲದ 256 ಮನೆಗಳು ಸಿಗುತ್ತವೆ, ಅದನ್ನು 32 ಆಳದ 8 ಪಾಲುಗಳಾಗಿ ಹಂಚಬಹುದು. ರಿಟರ್ನ್ ಸ್ಟ್ಯಾಕಿಗೂ ಅಷ್ಟೇ ಕೊಟ್ಟರೂ 30ರಲ್ಲಿ 4 ಬ್ಲಾಕ್ ಮಾತ್ರ ಖರ್ಚಾಗುತ್ತದೆ.

ಪಾಲುಗಳನ್ನು ಗುರುತಿಸಲು ಮೂಲ ವಿಳಾಸಕ್ಕೆ, ಸ್ಟ್ಯಾಕಿನ ತುದಿ ಎಲ್ಲಿದೆಯೆಂದು ತೋರಿಸುವ ಪಾಯಿಂಟರನ್ನು ಕೂಡುವ ಸರ್ಕ್ಯೂಟ್ ಹಾಕಬೇಡಿ. ಗೆಸ್ಟ್ ಪ್ರೋಗ್ರಾಮಿನ, ಅಂದರೆ ಒಂದೊಂದು ಪಾಲಿನಲ್ಲಿ ಓಡುವ ಪ್ರೋಗ್ರಾಮಿನ, ಸಂಖ್ಯೆಯ 3 ಬಿಟ್ಟುಗಳನ್ನು ಮುಂದಿಟ್ಟು, ಸ್ಟ್ಯಾಕ್ ಪಾಯಿಂಟರಿನ 5 ಬಿಟ್ಟುಗಳನ್ನು ಹಿಂದೆ ಜೋಡಿಸಿದರೆ 8 ಬಿಟ್ಟಿನ ವಿಳಾಸ ಸಿದ್ಧ. ಪಾಯಿಂಟರ್ 31ರ ನಂತರ ಮತ್ತೆ 0ಗೆ ಬರುತ್ತದೆ, ಆದರೆ ಮುಂದಿನ 3 ಬಿಟ್ಟುಗಳನ್ನು ಗೆಸ್ಟ್ ಮುಟ್ಟಲಾರದು. ಹೀಗಾಗಿ ಕೆಟ್ಟ ಪ್ರೋಗ್ರಾಂ ಎಷ್ಟೇ ತುರುಕಿದರೂ, ಬರಿದಾದ ಸ್ಟ್ಯಾಕಿನಿಂದ ಎಷ್ಟೇ ಎಳೆದರೂ ಹಾಳಾಗುವುದು ಅದರದೇ ಪಾಲು; ಪಕ್ಕದ ಅಂಗಡಿಯ ಲೆಕ್ಕಕ್ಕೆ ಧಕ್ಕೆಯಿಲ್ಲ. ಪ್ರತ್ಯೇಕತೆ ತಂತಿಗಳ ಜೋಡಣೆಯಿಂದಲೇ ದೊರೆತಿರುವುದರಿಂದ ಟ್ರ್ಯಾಪ್, ಅಂದರೆ ಪ್ರೋಗ್ರಾಮನ್ನು ತಡೆದು ಆಳುವ ಪ್ರೋಗ್ರಾಮಿಗೆ ಹತೋಟಿ ಒಪ್ಪಿಸುವ ವ್ಯವಸ್ಥೆ, ಬೇಕಾಗುವುದು ಗೆಸ್ಟಿನ ಸ್ವಂತ ಲೆಕ್ಕ ಸರಿಯಿರಲಿ ಎಂಬುದಕ್ಕಷ್ಟೇ.

ಬ್ಲಾಕ್ ರ‍್ಯಾಮ್‌ನಲ್ಲಿ ಒಂದು ತೊಡಕಿದೆ. ವಿಳಾಸ ಕೊಟ್ಟ ಕ್ಲಾಕಿನಲ್ಲೇ ಮೌಲ್ಯ ಬರುವುದಿಲ್ಲ, ಮುಂದಿನದರಲ್ಲಿ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಈಗಿನ ಪಾಯಿಂಟರನ್ನಲ್ಲ, ಈ ಇನ್‌ಸ್ಟ್ರಕ್ಷನ್ ಮುಗಿದ ಮೇಲೆ ಇರಲಿರುವ ಪಾಯಿಂಟರನ್ನು ಓದುವ ವಿಳಾಸವಾಗಿ ಕೊಡುವುದು. ಅದೇ ಮನೆಗೆ ಅದೇ ಕ್ಲಾಕಿನಲ್ಲಿ ಬರೆಯುತ್ತಲೂ ಇದ್ದರೆ, ಬರೆದ ಮೌಲ್ಯವನ್ನು ಪಕ್ಕದ ರಿಜಿಸ್ಟರೊಂದರ ಮೂಲಕ ನೇರವಾಗಿ ದಾಟಿಸಬೇಕು. ಈ ದಾಟುದಾರಿ ಮರೆತಿದ್ದರೆ ಒಂದೊಂದೇ ಇನ್‌ಸ್ಟ್ರಕ್ಷನ್ನಿನ ಪರೀಕ್ಷೆಗಳು ಪಾಸಾಗುತ್ತಲೇ ಇದ್ದು, ಎರಡು ಸಂಖ್ಯೆಗಳನ್ನು ಬೆನ್ನುಬೆನ್ನಿಗೆ ಇಟ್ಟು ಕೂಡಿಸಿದ ಕ್ಷಣ ಉತ್ತರ ಕೆಡುತ್ತದೆ.

ಗೆಸ್ಟ್ ಬದಲಾಯಿಸುವುದು ಈಗ ಸಲೀಸು. ಮೇಲ್ತುದಿಯ ರಿಜಿಸ್ಟರನ್ನು ಗೆಸ್ಟಿನ ದತ್ತಾಂಶ ಸ್ಟ್ಯಾಕಿಗೂ, ಪ್ರೋಗ್ರಾಂ ಕೌಂಟರನ್ನು ಅದರ ರಿಟರ್ನ್ ಸ್ಟ್ಯಾಕಿಗೂ ಇಟ್ಟು, ಪಾಯಿಂಟರುಗಳನ್ನು ಉಳಿಸಿ, ಗೆಸ್ಟ್ ಸಂಖ್ಯೆಯನ್ನು ಬದಲಿಸಿ, ಹೊಸಬನ ಮೇಲ್ತುದಿಯನ್ನು ತುಂಬಿಕೊಂಡರೆ ಕೆಲವೇ ಕ್ಲಾಕ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಆರ್‌ವಿ32ಐ (ರಿಸ್ಕ್-ಫೈವ್‌ನ 32 ಬಿಟ್ ರೂಪ) ಮಾದರಿಯ ರಿಜಿಸ್ಟರ್ ಯಂತ್ರದಲ್ಲಿ 31 ರಿಜಿಸ್ಟರುಗಳನ್ನು ಮೆಮರಿಗೆ ಬರೆದು, ಇನ್ನೊಂದು ಪ್ರೋಗ್ರಾಮಿನ 31ನ್ನು ಓದಿಕೊಳ್ಳಬೇಕಾಗುತ್ತದೆ. ಇಷ್ಟಾದರೂ ಸ್ಟ್ಯಾಕ್ ಯಂತ್ರವೇ ಎಲ್ಲೆಡೆ ಶ್ರೇಷ್ಠವೆಂದು ತಿಳಿಯಬಾರದು; ಮೌಲ್ಯಗಳನ್ನು ಅತ್ತಿತ್ತ ಹೊರಳಿಸುವ ಇನ್‌ಸ್ಟ್ರಕ್ಷನ್‌ಗಳ ಹೊರೆ ಅದಕ್ಕೆ ಹೆಚ್ಚು, ಲುವಾ ಭಾಷೆಯ ವರ್ಚುವಲ್ ಮಷಿನ್ ತನ್ನ 5.0 ಆವೃತ್ತಿಯಲ್ಲಿ ಸ್ಟ್ಯಾಕ್ ಬಿಟ್ಟು ರಿಜಿಸ್ಟರಿಗೆ ಹೊರಳಿತು.

ಹೈಪರ್‌ವೈಸರಿಗೆ, ಅಂದರೆ ಗೆಸ್ಟ್‌ಗಳನ್ನು ಆಳುವ ಪ್ರೋಗ್ರಾಮಿಗೆ, 0 ಸಂಖ್ಯೆಯ ಪಾಲನ್ನು ಪ್ರತ್ಯೇಕವಾಗಿ ಮೀಸಲಿಡಬೇಕು. ಫೋರ್ತ್‌ನಲ್ಲಿ ರಿಟರ್ನ್ ಸ್ಟ್ಯಾಕಿನ ಮೌಲ್ಯವನ್ನು ಪ್ರೋಗ್ರಾಮೇ ತೆಗೆದು ನೋಡಬಹುದಾದ್ದರಿಂದ, ಆಳುವವನ ವಿಳಾಸ ಗೆಸ್ಟಿನ ಸ್ಟ್ಯಾಕಿನಲ್ಲಿ ಒಂದು ಕ್ಷಣವೂ ಇರಕೂಡದು. ಯಾವ ಇನ್‌ಸ್ಟ್ರಕ್ಷನ್‌ಗಳು ಟ್ರ್ಯಾಪ್ ಆಗಬೇಕೆಂಬುದಕ್ಕೆ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ಕೊಟ್ಟ ಸೂತ್ರ ಇಂದಿಗೂ ಸಾಕಾಗುತ್ತದೆ: ಯಂತ್ರದ ನಿಜಸ್ಥಿತಿಯನ್ನು ಬದಲಿಸುವ ಇಲ್ಲವೇ ಬಯಲುಮಾಡುವ ಪ್ರತಿ ಇನ್‌ಸ್ಟ್ರಕ್ಷನ್ನೂ ಗೆಸ್ಟ್ ಕೈಯಲ್ಲಿ ಟ್ರ್ಯಾಪ್ ಆಗಲೇಬೇಕು. ಹೊರಜಗತ್ತಿನ ಪೋರ್ಟಿಗೆ ಬರೆಯುವುದು, ಗೆಸ್ಟ್ ಸಂಖ್ಯೆ ಬದಲಿಸುವುದು, ಟೈಮರ್ ಮುಟ್ಟುವುದು ಇವು ಯಾರಿಗಾದರೂ ಹೊಳೆಯುತ್ತವೆ. ಹೊಳೆಯದೆ ಉಳಿಯುವುದು ‘ಡೆಪ್ತ್’ ಎಂಬ ಸಾಧು ಪದ. ಅದು ಸ್ಟ್ಯಾಕಿನ ಆಳವನ್ನು ಹೇಳುತ್ತದೆ, ಏನನ್ನೂ ಕೆಡಿಸುವುದಿಲ್ಲ. ಆದರೆ ಪಾಲು ತುಂಬಿ ಗೆಸ್ಟಿನ ಸ್ಟ್ಯಾಕಿನ ಕೆಳಭಾಗ ಮೆಮರಿಗೆ ಹೋಗಿದ್ದರೆ ಹಾರ್ಡ್‌ವೇರ್ ಹೇಳುವ ಸಂಖ್ಯೆ ಸುಳ್ಳಾಗುತ್ತದೆ, ಅದನ್ನು ನಂಬಿ ಲೂಪ್ ನಡೆಸುವ ಪ್ರೋಗ್ರಾಂ ದಾರಿ ತಪ್ಪುತ್ತದೆ. ಹಳೆಯ ಎಕ್ಸ್86 ಪ್ರೊಸೆಸರುಗಳಲ್ಲಿ ‘ಪಾಪ್‌ಎಫ್’ ಇನ್‌ಸ್ಟ್ರಕ್ಷನ್ ಟ್ರ್ಯಾಪ್ ಆಗದೆ, ಇಂಟರಪ್ಟ್ (ಓಡುತ್ತಿರುವ ಕೆಲಸವನ್ನು ನಡುವೆ ತಡೆಯುವ ಸಂಕೇತ) ಬಿಟ್ಟನ್ನು ಬದಲಿಸದೆ ಮೌನವಾಗಿ ಮುಂದೆ ಹೋಗುತ್ತಿದ್ದುದೂ ಇದೇ ಜಾತಿಯ ದೋಷ. ಆ ಕಾರಣದಿಂದಲೇ ಅಲ್ಲಿ ವರ್ಚುವಲೈಸೇಶನ್‌ಗೆ ಕೋಡನ್ನೇ ಓಡುವಾಗ ತಿದ್ದುವ ಸುತ್ತುದಾರಿ ಬೇಕಾಗಿತ್ತು.

ಮೆಮರಿಗೆ ಸಾಗಿಸುವ ಕೆಲಸವನ್ನು ಹಾರ್ಡ್‌ವೇರಿಗೆ ಹೊರಿಸದೆ ಟ್ರ್ಯಾಪ್ ಮೂಲಕ ಹೈಪರ್‌ವೈಸರಿಗೆ ವಹಿಸಿ. ಸ್ಟ್ಯಾಕ್ 32 ತುಂಬುವವರೆಗೆ ಕಾಯದೆ 28ರಲ್ಲೇ ಟ್ರ್ಯಾಪ್ ಆಗಬೇಕು, ಏಕೆಂದರೆ ಗೆಸ್ಟ್ ಬದಲಾಗುವಾಗ ಮೇಲ್ತುದಿಯ ಮೌಲ್ಯ ಇಡಲು ಜಾಗ ಉಳಿದಿರಬೇಕು. ಆಗ ತಳದ 16 ಮೌಲ್ಯಗಳನ್ನು ಒಟ್ಟಿಗೆ ಹೊರಹಾಕಿ. ಒಂದೊಂದನ್ನೇ ಹೊರಹಾಕಿದರೆ, ಅಂಚಿನಲ್ಲಿ ಏರಿ ಇಳಿಯುವ ಲೂಪೊಂದು ಪ್ರತಿ ಸುತ್ತಿನಲ್ಲೂ ಟ್ರ್ಯಾಪ್ ಎಬ್ಬಿಸಿ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಟ್ರ್ಯಾಪ್ ಸಂಕೇತ ಬಂದ ಕ್ಲಾಕಿನಲ್ಲಿ ಯಾವ ಬರವಣಿಗೆಯೂ ನಡೆಯದಂತೆ ಎಲ್ಲ ರೈಟ್ ಸಂಕೇತಗಳನ್ನೂ ತಡೆಹಿಡಿದರೆ, ಆ ಇನ್‌ಸ್ಟ್ರಕ್ಷನ್ನನ್ನು ನಂತರ ಮೊದಲಿನಿಂದ ಓಡಿಸಬಹುದು.

ದತ್ತಾಂಶ ಮೆಮರಿಗೂ ಬಿಟ್ ಜೋಡಿಸುವ ಅದೇ ಉಪಾಯ ಸಾಕು. ಯುಪಿ5ಕೆಯಲ್ಲಿ ಒಟ್ಟು 128 ಕಿಲೋಬೈಟಿನ ನಾಲ್ಕು ದೊಡ್ಡ ರ‍್ಯಾಮ್‌ಗಳಿವೆ. ಎರಡನ್ನು ಕೋಡಿಗೆ, ಎರಡನ್ನು ದತ್ತಾಂಶಕ್ಕೆ ಬಿಟ್ಟರೆ ಎಂಟು ಪಾಲುಗಳಲ್ಲಿ ಪ್ರತಿಯೊಂದಕ್ಕೂ 4096 ಇನ್‌ಸ್ಟ್ರಕ್ಷನ್, 2048 ಪದಗಳ ದತ್ತಾಂಶ ಸಿಗುತ್ತದೆ. ಈ ರ‍್ಯಾಮ್‌ಗಳಿಗೆ ಚಿಪ್ ಆರಂಭವಾಗುವಾಗ ಮೌಲ್ಯ ತುಂಬಿಸಿಡಲು ಬರುವುದಿಲ್ಲವಾದ್ದರಿಂದ, ಬೂಟ್ ಮಾಡುವ ಕೋಡನ್ನು ಬ್ಲಾಕ್ ರ‍್ಯಾಮಿನಲ್ಲಿಟ್ಟು ಉಳಿದದ್ದನ್ನು ಫ್ಲ್ಯಾಶ್‌ನಿಂದ ತರಿಸಿಕೊಳ್ಳಬೇಕು.

ಫೋರ್ತ್ ಸಂಪ್ರದಾಯದಲ್ಲಿ ಪ್ರೋಗ್ರಾಮುಗಳು ‘ಪಾಜ್’ (PAUSE) ಎಂಬ ಪದದಿಂದ ತಾವಾಗಿಯೇ ಸರದಿ ಬಿಟ್ಟುಕೊಡುತ್ತವೆ. ಒಬ್ಬರೇ ಬರೆದ ಕೆಲಸಗಳ ನಡುವೆ ಅದು ಚೆನ್ನ, ಅಪರಿಚಿತ ಗೆಸ್ಟ್‌ಗಳ ನಡುವೆ ನಡೆಯದು. ಟೈಮರ್ ಇಂಟರಪ್ಟ್ ಇರಲೇಬೇಕು. ಗುಣಾಕಾರ ಸೇರಿ ಪ್ರತಿ ಇನ್‌ಸ್ಟ್ರಕ್ಷನ್ನೂ ಒಂದೇ ಕ್ಲಾಕಿನಲ್ಲಿ ಮುಗಿಯುವಂತೆ ಇಟ್ಟುಕೊಂಡರೆ ಅರ್ಧಕ್ಕೆ ನಿಂತ ಕೆಲಸವನ್ನು ಉಳಿಸುವ ತಲೆನೋವು ಟೈಮರಿಗೂ ಇರುವುದಿಲ್ಲ. ಅದಕ್ಕಾಗಿ ಚಿಪ್ಪಿನಲ್ಲಿರುವ 16×16 ಬಿಟ್ಟಿನ ಎಂಟು ಗುಣಕಗಳನ್ನು ಬಳಸಿ. ಎರಡು 32 ಬಿಟ್ಟಿನ ಸಂಖ್ಯೆಗಳ ಗುಣಲಬ್ಧದ ಕೆಳಗಿನ 32 ಬಿಟ್ಟುಗಳಿಗೆ ಮೂರು ಗುಣಕಗಳು ಸಾಕು. ಕ್ಲಾಕಿಗೆ ಚಿಪ್ಪಿನೊಳಗಿನ 48 ಮೆಗಾಹರ್ಟ್ಸ್ ಆಸಿಲೇಟರನ್ನು ನಾಲ್ಕರಿಂದ ಭಾಗಿಸಿ 12ಕ್ಕೆ ಇಳಿಸಿ ಆರಂಭಿಸುವುದು ಕ್ಷೇಮ. ವೆರಿಲಾಗ್ ವಿನ್ಯಾಸವನ್ನು ಚಿಪ್ಪಿಗೆ ಅಳವಡಿಸುವ ಯೊಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್ ಕೊಡುವ ಟೈಮಿಂಗ್ ವರದಿಯಲ್ಲಿ ಅತಿ ನಿಧಾನದ ದಾರಿ ಗುಣಕದ್ದೋ ಟ್ರ್ಯಾಪ್ ಸಂಕೇತದ್ದೋ ಎಂದು ನೋಡಿ, ಟ್ರ್ಯಾಪ್ ಆಗಿದ್ದರೆ ಆಳವನ್ನು ಎಣಿಸುವ ಕೌಂಟರಿನ ಹೋಲಿಕೆಯನ್ನು ಒಂದು ಕ್ಲಾಕ್ ಮುಂಚಿತವಾಗಿಯೇ ಮಾಡಿಟ್ಟುಕೊಳ್ಳಬಹುದು. 28ರ ನಂತರ ಉಳಿಸಿದ ಮನೆಗಳು ಆ ಸಡಿಲಿಕೆಗೂ ಜಾಗ ಕೊಡುತ್ತವೆ.