ಯಾವ ಮುಖ ಹಾಕಲಿ? – ಶ್ರದ್ಧಾಂಜಲಿ ಬೋರ್ಡು ಮಾಡುವವನ ಅನುಭವ

2025ರ ಜುಲೈ 14, ಸೋಮವಾರ. ಹಾಸನದಲ್ಲಿ ಆಷಾಢದ ಗಾಳಿ, ಬಿಟ್ಟೂ ಬಿಟ್ಟೂ ಹನಿಯುವ ಮಳೆ. ಅಂಗಡಿ ತೆಗೆದು ಕಸ ಗುಡಿಸಿ, ಊದುಬತ್ತಿ ಹಚ್ಚುವ ಹೊತ್ತಿಗೆ ಫೋನ್ ಬಡಿದುಕೊಳ್ಳೋಕೆ ಶುರುವಾಯಿತು. ಬಿ. ಸರೋಜಾದೇವಿ ಹೋದರಂತೆ. ನನ್ನ ಹುಡುಗ ಆಗಲೇ ಕಂಪ್ಯೂಟರ್ ಮುಂದೆ ಕೂತು "ಅಣ್ಣಾ, ಫೋಟೋ ಇಳಿಸ್ಲಾ?" ಅಂದ. ತಡಿ ಮಾರಾಯ ಅಂದೆ.

ಈ "ತಡಿ"ಯ ಹಿಂದೆ ಒಂದು ಕಥೆ ಇದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ನಟರು ತೀರಿಕೊಂಡರು ಅಂತ ರಾತ್ರಿ ವಾಟ್ಸಾಪ್‌ನಲ್ಲಿ ಸುದ್ದಿ ಬಂತು. ಅಭಿಮಾನಿ ಹುಡುಗರು ಅಳುತ್ತಾ ಬಂದು ಹತ್ತಕ್ಕೆ ಎಂಟು ಅಡಿಯ ಫ್ಲೆಕ್ಸ್ ಬೇಕು ಅಂದರು. ನಾನೂ ಅತ್ತೆ, ಪ್ರಿಂಟೂ ಹಾಕಿದೆ. ಬೆಳಿಗ್ಗೆ ನೋಡಿದರೆ ಅವರು ಆಸ್ಪತ್ರೆಯಲ್ಲಿ ಆರಾಮಾಗಿ ಗಂಜಿ ಕುಡಿಯುತ್ತಿದ್ದರು. ಅಡ್ವಾನ್ಸ್ ತಗೊಂಡಿರಲಿಲ್ಲ. ಹುಡುಗರು ಆ ಕಡೆ ತಲೆ ಹಾಕಲಿಲ್ಲ. ಬೋರ್ಡನ್ನು ಯಾರಿಗಾದರೂ ಕೊಡೋಣ ಅಂದರೆ ಬದುಕಿರುವ ಮನುಷ್ಯನ ಮುಖಕ್ಕೆ ಹಾರ ಬಿದ್ದಿದೆ, ಯಾರು ತಗೋತಾರೆ? ಮೂರು ತುಂಡು ಮಾಡಿ ಅಂಗಡಿ ಹಿಂದೆಯೇ ಸುಟ್ಟೆ. ಆಮೇಲೂ ಅವರು ಬಹಳ ದಿನ ಬದುಕಿದ್ದರು. ಟಿವಿಯಲ್ಲಿ ಅವರ ಮುಖ ಕಂಡಾಗಲೆಲ್ಲ ನನಗೆ ಏನೋ ತಪ್ಪು ಮಾಡಿದ ಹಾಗೆ ಆಗುತ್ತಿತ್ತು. ಅವತ್ತಿನಿಂದ ಒಂದು ಪದ್ಧತಿ. ತೀರಿಕೊಂಡವರ ಮನೆಯವರು ಹೇಳಿದ್ದನ್ನು ಎರಡು ಚಾನೆಲ್‌ನಲ್ಲಿ ನನ್ನ ಕಣ್ಣಾರೆ ನೋಡುವವರೆಗೆ ಫೈಲ್ ತೆರೆಯುವುದಿಲ್ಲ.

ಸರೋಜಾದೇವಿಯವರ ಸುದ್ದಿ ನಿಜವೇ ಆಗಿತ್ತು. ಮಲ್ಲೇಶ್ವರದ ಮನೆ, 87 ವರ್ಷ.

ನಾನು ಈ ಕಸುಬಿಗೆ ಬಂದಿದ್ದು ಬ್ರಷ್ ಹಿಡಿದು. ಹದಿನಾಲ್ಕು ವರ್ಷಕ್ಕೆ ಟಾಕೀಸುಗಳಿಗೆ ಬ್ಯಾನರ್ ಬರೆಯುವ ಮೇಸ್ತ್ರಿ ಕೈಕೆಳಗೆ ಸೇರಿದೆ. ಬಟ್ಟೆಗೆ ಬಿಳಿ ಬಳಿಯುವುದು, ಚೌಕ ಹಾಕುವುದು, ಟೀ ತರುವುದು, ಇಷ್ಟೇ ಮೊದಲೆರಡು ವರ್ಷ. ಚಿಕ್ಕ ಫೋಟೋ ಮೇಲೆ ಪೆನ್ಸಿಲ್‌ನಲ್ಲಿ ಚೌಕ, ದೊಡ್ಡ ಬಟ್ಟೆ ಮೇಲೆ ಅಷ್ಟೇ ಚೌಕ. ಒಂದು ಚೌಕದಲ್ಲಿ ಇದ್ದಿದ್ದನ್ನು ಇನ್ನೊಂದು ಚೌಕಕ್ಕೆ ಇಳಿಸುತ್ತಾ ಹೋದರೆ ಮುಖ ತಾನಾಗಿ ಬರುತ್ತದೆ. ಕಣ್ಣನ್ನು ಮಾತ್ರ ಮೇಸ್ತ್ರಿ ಯಾರಿಗೂ ಬಿಡುತ್ತಿರಲಿಲ್ಲ. "ಮೂಗು ತಪ್ಪಿದ್ರೆ ಜನ ನಗ್ತಾರೆ, ಕಣ್ಣು ತಪ್ಪಿದ್ರೆ ಅವ್ರು ಯಾರು ಅಂತಾರೆ" ಅನ್ನುತ್ತಿದ್ದರು.

2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದಾಗಲೂ ನನ್ನ ಹತ್ತಿರ ಪ್ರಿಂಟ್ ಹಾಕುವ ಮೆಷಿನ್ ಇರಲಿಲ್ಲ. ಮಧ್ಯಾಹ್ನ ಸುದ್ದಿ ಬಂತು, ಬೀದಿಗೆ ಬೀದಿಯೇ ಬಾಗಿಲು ಹಾಕಿತು. ನಾನು ಅರ್ಧ ಶಟರ್ ಎಳೆದುಕೊಂಡು ಒಳಗೆ ಕೂತು ರಾತ್ರಿಯಿಡೀ ಬರೆದೆ. ಆಟೋ ಸ್ಟ್ಯಾಂಡಿನವರು, ಹಮಾಲಿಗಳು, ಗ್ಯಾರೇಜ್ ಹುಡುಗರು, ಒಬ್ಬೊಬ್ಬರದ್ದೂ ಒಂದೊಂದು ಬೋರ್ಡು. ಮೂರನೆಯದಕ್ಕೆ ಬರುವಾಗ ಫೋಟೋ ನೋಡುವ ಅಗತ್ಯವೇ ಇರಲಿಲ್ಲ. ಆ ಮುಖ ಕೈಗೇ ಗೊತ್ತಿತ್ತು. ದುಡ್ಡು ಕೊಡೋಕೆ ಬಂದವರೂ ಇದ್ದರು, ಬಣ್ಣದ ಡಬ್ಬಿ ತಂದುಕೊಟ್ಟವರೂ ಇದ್ದರು. ಒಬ್ಬ ಆಟೋ ಡ್ರೈವರ್ ಬೆಳಗಿನ ಜಾವದವರೆಗೂ ನನ್ನ ಪಕ್ಕ ಪೆಟ್ರೋಮ್ಯಾಕ್ಸ್ ಹಿಡಿದು ಕೂತಿದ್ದ, ಕರೆಂಟ್ ಇರಲಿಲ್ಲ. ಯಾರೂ ತಮ್ಮ ಮುಖ ಬರೆಯಿರಿ ಅಂತ ಕೇಳಲಿಲ್ಲ. ಕೇಳಿದ್ದರೂ ಬ್ರಷ್‌ನಲ್ಲಿ ಯಾರು ಬರೀತಾರೆ?

ಫ್ಲೆಕ್ಸ್ ಬಂದಮೇಲೆ ಅದೇ ಕೆಟ್ಟಿದ್ದು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡರು. ಅವತ್ತು ನನ್ನ ಅಂಗಡಿಯಲ್ಲಿ ಜಗಳ ಆಗಿದ್ದು ಕೆಳಗಿನ ಸಾಲಿಗೆ. ಇವನ ಫೋಟೋ ದೊಡ್ಡದಾಯಿತು, ಅಧ್ಯಕ್ಷನದ್ದು ಚಿಕ್ಕದಾಯಿತು, ಖಜಾಂಚಿ ಕೂಲಿಂಗ್ ಗ್ಲಾಸ್ ಹಾಕಿದ ಫೋಟೋ ಕೊಟ್ಟಿದ್ದಾನೆ, ಹೀಗೆ. ಎಲ್ಲ ಮುಗಿಸಿ ದೂರದಿಂದ ನೋಡಿದರೆ ವಿಷ್ಣುವರ್ಧನ್ ಬೋರ್ಡಿನ ಮೂಲೆಯಲ್ಲಿ ನಿಂತು ಹುಡುಗರ ಹುಟ್ಟುಹಬ್ಬಕ್ಕೆ ಶುಭಾಶಯ ಕೋರುತ್ತಿರುವ ಹಾಗಿತ್ತು. ಆಮೇಲೆ ನಾನೇ ಒಂದು ಅಳತೆ ಮಾಡಿಕೊಂಡೆ. ಆರು ಅಡಿ ಎತ್ತರದ ಬೋರ್ಡಿಗೆ ಕೆಳಗೆ ಎಂಟು ಇಂಚು ಮಾತ್ರ ಹೆಸರಿಗೆ. ಫೋಟೋ ಬೇಕೇಬೇಕು ಅಂದರೆ ಬೇರೆ ಅಂಗಡಿಗೆ ಹೋಗಿ ಅಂತೀನಿ. ಇದರಿಂದ ಗಿರಾಕಿ ತಪ್ಪಿದ್ದೂ ಉಂಟು.

ಸರಿ, ಸರೋಜಾದೇವಿಯವರ ವಿಷಯಕ್ಕೆ ಬರ್ತೀನಿ. ಸುದ್ದಿ ಖಾತ್ರಿಯಾದ ಮೇಲೆ ನಾವು ಆರ್ಡರಿಗೆ ಕಾದು ಕೂತೆವು. ಹನ್ನೊಂದಾಯಿತು, ಹನ್ನೆರಡಾಯಿತು. ಯಾವ ಸಂಘದವರೂ ಬರಲಿಲ್ಲ. ಆ ದಿನಗಳಲ್ಲಿ ಹಾಸನದಲ್ಲಿ ಹೃದಯಾಘಾತದ್ದೇ ಮಾತು. ಚಿಕ್ಕ ವಯಸ್ಸಿನವರು ಸಾಲಾಗಿ ಹೋಗುತ್ತಿದ್ದರು. ನನ್ನ ಮೆಷಿನ್ ಓಡುತ್ತಿದ್ದುದೂ ಅಂಥ ಮನೆಗಳ ಬೋರ್ಡಿಗೇ. ಹೀರೋ ಸತ್ತರೆ ಬೀದಿಗೊಂದು ಸಂಘ ಎದ್ದು ಬರುತ್ತದೆ, ಹೀರೋಯಿನ್ ಸತ್ತರೆ ಯಾರು ಬರಬೇಕು ಅಂತ ನನಗೆ ಅವತ್ತೇ ಹೊಳೆದಿದ್ದು. ಇಷ್ಟು ವರ್ಷದಲ್ಲಿ ನಟಿಯ ಹೆಸರಲ್ಲಿ ಅಭಿಮಾನಿ ಸಂಘದ ಬೋರ್ಡು ಒಂದಾದರೂ ಮಾಡಿದ್ದೀನಾ ಅಂತ ಕೂತು ಯೋಚಿಸಿದೆ. ನೆನಪಾಗಲಿಲ್ಲ.

ಒಂದು ಗಂಟೆ ಹೊತ್ತಿಗೆ ಛತ್ರಿ ಮಡಚುತ್ತಾ ಒಬ್ಬರು ಮೇಡಂ ಬಂದರು. ನಿವೃತ್ತ ಟೀಚರ್. ಹಿಂದೆ ಇನ್ನಿಬ್ಬರು. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕ್ ಮಾಡುವ ಗುಂಪಿನವರಂತೆ.

"ಏನಪ್ಪಾ, ಸರೋಜಾದೇವಿಯಮ್ಮಂದು ಒಂದು ಬೋರ್ಡ್ ಮಾಡ್ಕೊಡ್ತೀಯಾ? ಚಿಕ್ಕದು ಸಾಕು."

"ಮಾಡೋಣ ಮೇಡಂ. ಕೆಳಗೆ ಯಾರ ಹೆಸರು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಸರು ಯಾಕೆ? ಅಮ್ಮಂದೇ ಇದೆಯಲ್ಲ."

ಇಪ್ಪತ್ತು ವರ್ಷದಲ್ಲಿ ಈ ಉತ್ತರ ನಾನು ಕೇಳಿರಲಿಲ್ಲ. ಹೆಸರಿಲ್ಲದ ಬೋರ್ಡು ಕಟ್ಟಿದರೆ ಯಾರದ್ದು ಅಂತ ಕೇಳ್ತಾರೆ, ಬಿಚ್ಚಿ ಹಾಕ್ತಾರೆ ಅಂತ ಒಪ್ಪಿಸಬೇಕಾಯಿತು. ಕೊನೆಗೆ "ಹಾಸನದ ಹೆಣ್ಣುಮಕ್ಕಳು" ಅಂತ ಹಾಕು ಅಂದರು.

ಆಮೇಲೆ ಬಂತು ನಿಜವಾದ ಪ್ರಶ್ನೆ, ಯಾವ ಮುಖ? ವಯಸ್ಸಾಗಿ ತೀರಿಕೊಂಡ ನಟರ ಬೋರ್ಡಿನಲ್ಲಿ ಇದೇ ಕಷ್ಟ. ಟಿವಿಯಲ್ಲಿ ತೋರಿಸುವುದು ಇತ್ತೀಚಿನ ಮುಖ. ಜನ ಅಳುವುದು ಇನ್ನೊಂದು ಮುಖಕ್ಕೆ. ನನ್ನ ಹುಡುಗ ಬೇಲೂರು ಕಡೆಯವನು. ಅವನಿಗೆ "ಅಮರಶಿಲ್ಪಿ ಜಕಣಾಚಾರಿ" ಫೋಟೋ ಹಾಕಬೇಕು ಅಂತ ಆಸೆ. "ನಮ್ಮೂರ ಕಪ್ಪೆ ಚೆನ್ನಿಗರಾಯನ ಕಥೆ ಅಣ್ಣಾ, ಕಲರ್ ಬೇರೆ" ಅಂದ. 1964ರ ಆ ಚಿತ್ರ ಕನ್ನಡದ ಮೊದಲ ಪೂರ್ತಿ ಬಣ್ಣದ ಸಿನಿಮಾ. ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು. ನನಗೆ ಬಿಳಿ ಕೂದಲು, ದೊಡ್ಡ ಕುಂಕುಮ, ನಗು ಇರುವ ಇತ್ತೀಚಿನ ಫೋಟೋ ಇಷ್ಟವಾಗಿತ್ತು. ಫೈಲೂ ದೊಡ್ಡದಿತ್ತು, ಹಿಗ್ಗಿಸಿದರೆ ಒಡೆಯುವುದಿಲ್ಲ.

ಮೇಡಂ ಎರಡಕ್ಕೂ ತಲೆ ಆಡಿಸಲಿಲ್ಲ. "ಚೆನ್ನಮ್ಮ ಹಾಕು" ಅಂದರು.

"ಕಿತ್ತೂರು ಚೆನ್ನಮ್ಮ" 1961ರದ್ದು. ಮೇಡಂ ನೋಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ದುದ್ದದ ಹತ್ತಿರದ ಅವರ ಊರಿನ ಪಕ್ಕ ಟೆಂಟ್ ಬಂದಾಗ. ಗಂಡಸರ ಕಡೆ, ಹೆಂಗಸರ ಕಡೆ ಅಂತ ನಡುವೆ ಹಗ್ಗ. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು. ಅವರಜ್ಜಿ ಸೆರಗಿನಲ್ಲಿ ಹುರಿಗಾಳು ಕಟ್ಟಿಕೊಂಡು ಬಂದಿದ್ದರಂತೆ. ಚೆನ್ನಮ್ಮ ಕತ್ತಿ ಎತ್ತಿದಾಗ ಅಜ್ಜಿ ಎದ್ದು ನಿಂತುಬಿಟ್ಟರಂತೆ, ಹಿಂದಿನವರು ಕೂಗಿದರೂ ಕೂರಲಿಲ್ಲವಂತೆ. "ಮಾರನೇ ದಿನ ನಮ್ಮಪ್ಪ ನನ್ನ ಸ್ಕೂಲ್ ಬಿಡಿಸ್ತೀನಿ ಅಂದಾಗ್ಲೂ ಅಜ್ಜಿ ಹಾಗೇ ಎದ್ದು ನಿಂತ್ಲು ಕಣಪ್ಪಾ" ಅಂದರು ಮೇಡಂ. ಇದನ್ನು ಅಳುತ್ತಾ ಹೇಳಲಿಲ್ಲ. ನಗುತ್ತಲೇ ಹೇಳಿದರು. ಪಕ್ಕದಲ್ಲಿದ್ದವರು ಮಾತ್ರ ಮೂಗು ಒರೆಸಿಕೊಂಡರು.

ಫೋಟೋ ಸಿಕ್ಕಿತು. ಆದರೆ ಕಪ್ಪು ಬಿಳುಪು, ಬೆರಳುಗುರಿನಷ್ಟು ಫೈಲು. ನಾಲ್ಕು ಅಡಿಗೆ ಎಳೆದರೆ ಮುಖದ ತುಂಬ ಚೌಕ ಚೌಕ. ನನ್ನ ಹುಡುಗ ಊಟದ ಹೊತ್ತಿನಲ್ಲಿ ಅದನ್ನು ಎಐ ಆಪ್‌ಗೆ ಹಾಕಿ, ಬಣ್ಣ ತುಂಬಿಸಿ, ಕನ್ನಡಿ ಹಾಗೆ ಹೊಳೆಯುವಂತೆ ಮಾಡಿ ತಂದ. ನೋಡಿ ನನಗೂ ಖುಷಿಯಾಯಿತು. ಸಾಯಂಕಾಲ ಮೇಡಂಗೆ ತೋರಿಸಿದೆ. ಕನ್ನಡಕ ಏರಿಸಿ ಸ್ಕ್ರೀನ್ ಹತ್ತಿರ ಬಗ್ಗಿದರು.

"ಚೆನ್ನಾಗಿದೆ. ಇವರು ಯಾರು?"

ನನ್ನ ಮೇಸ್ತ್ರಿ ಎದ್ದು ಬಂದು ಕಪಾಳಕ್ಕೆ ಹೊಡೆದ ಹಾಗಾಯಿತು. ಮತ್ತೆ ನೋಡಿದೆ. ಸೀರೆ, ಒಡವೆ, ಕೂದಲು ಎಲ್ಲ ಸರಿ. ಕಣ್ಣು ಬೇರೆ ಯಾರದ್ದೋ. ಆ ಆಪ್‌ಗೆ ಸರೋಜಾದೇವಿ ಗೊತ್ತಿಲ್ಲ. ಒಡೆದ ಜಾಗಕ್ಕೆ ತನಗೆ ಗೊತ್ತಿರುವ ಯಾವುದೋ ಕಣ್ಣು ತುಂಬಿತ್ತು. ನಾನು ಗುರುತಿಸದೇ ಹೋದದ್ದು ಈಗಲೂ ಬೇಜಾರು.

ಆಮೇಲೆ ಮಾಡಿದ್ದು ಸುಲಭದ ಕೆಲಸ. ಮುಖ ಹಿಗ್ಗಿಸುವುದು ಬಿಟ್ಟು ಬೋರ್ಡು ಕುಗ್ಗಿಸಿದೆ. ನಾಲ್ಕಕ್ಕೆ ಮೂರು ಅಡಿ, ಅದರಲ್ಲಿ ಫೋಟೋ ಒಂದೂವರೆ ಅಡಿ, ಕಪ್ಪು ಬಿಳುಪಲ್ಲೇ. ಸುತ್ತ ಖಾಲಿ ಬಿಟ್ಟೆ. ಹತ್ತಿರದಿಂದ ಕಾಳು ಕಾಳಾಗಿ ಕಾಣುತ್ತಿತ್ತು, ಎಂಟು ಹೆಜ್ಜೆ ದೂರ ಹೋದರೆ ಚೆನ್ನಮ್ಮ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ಹೇಳೋದಿಷ್ಟೇ. ಪರದೆ ಮುಂದೆ ಮೂಗು ತಗಲಿಸಿ ನೋಡಬೇಡಿ, ಎದ್ದು ಹೋಗಿ ರಸ್ತೆಯಿಂದ ನೋಡಿ.

ಅಕ್ಷರದ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿನೇ ಕಿರಿಕಿರಿ ಮನುಷ್ಯ. ಊರ ತುಂಬ "ಶೃದ್ಧಾಂಜಲಿ" ಅಂತ ಹಾಕಿರ್ತಾರೆ. ಅದು ಶ್ರದ್ಧೆಯಿಂದ ಬಂದ ಮಾತು, ಶ್ರ ಬೇಕು. ಮೊಬೈಲ್‌ನಲ್ಲಿ ಕಳಿಸಿದ ಸಾಲನ್ನು ಹಾಗೇ ಬೋರ್ಡು ಡಿಸೈನ್ ಮಾಡುವ ಕೋರಲ್‌ಡ್ರಾ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಹಳೇ ವರ್ಷನ್‌ಗಳಲ್ಲಿ ಒತ್ತಕ್ಷರ ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. ಹಾಗಾಗಿ ಕನ್ನಡ ಟೈಪಿಂಗ್‌ನ 'ನುಡಿ' ಸಾಫ್ಟ್‌ವೇರ್‌ನಲ್ಲಿ ಹೊಸದಾಗಿ ಟೈಪ್ ಮಾಡ್ತೀನಿ. ದಿನಾಂಕವನ್ನು ಮೇಡಂ ಬೆರಳಿಟ್ಟು ಓದಿ ನೋಡಿದರು. ಜನನ 7-1-1938, ಮರಣ 14-7-2025. ಹೆಸರಿನ ಮೇಲೆ "ಅಭಿನಯ ಸರಸ್ವತಿ". "ಮತ್ತೆ ಹುಟ್ಟಿ ಬನ್ನಿ" ಹಾಕ್ಲಾ ಅಂದೆ. ಬೇಡ, 87 ವರ್ಷ ದುಡಿದಿದ್ದಾರೆ, ರೆಸ್ಟ್ ತಗೊಳ್ಳಲಿ ಅಂದರು. ಬದಲಿಗೆ ಇನ್ನೊಂದು ಸಾಲು ಕೊಟ್ಟರು: "ಕಣ್ಣು ಕೊಟ್ಟು ಹೋದರು." ಅವರ ಕಣ್ಣು ದಾನ ಆಗಿದ್ದು ಆ ಹೊತ್ತಿಗೆ ಸುದ್ದಿಯಲ್ಲಿ ಬಂದಿತ್ತು.

ಫ್ರೇಮ್ ಸೇರಿ 550 ರೂಪಾಯಿ. ಮೂವರೂ ಪರ್ಸ್ ಬಿಚ್ಚಿ ಚಿಲ್ಲರೆ ಸಮೇತ 500 ಎಣಿಸಿದರು. ಉಳಿದಿದ್ದು ನಾಳೆ ಅಂದರು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಪಾರ್ಕಿನ ಹತ್ತಿರ ಬೋರ್ಡು ನಿಲ್ಲಿಸಿದೆವು. ಆಷಾಢದ ಗಾಳಿಗೆ ಫ್ಲೆಕ್ಸ್ ಪಟದ ಹಾಗೆ ಹಾರುತ್ತದೆ. ಅದಕ್ಕೆ ಬ್ಲೇಡಿನಲ್ಲಿ ಅರ್ಧಚಂದ್ರದ ಹಾಗೆ ಅಲ್ಲಲ್ಲಿ ಸೀಳಬೇಕು, ಗಾಳಿ ಹಾದು ಹೋಗುತ್ತದೆ. ಮುಖದ ಮೇಲೆ, ಅಕ್ಷರದ ಮೇಲೆ ಸೀಳಬಾರದು. ಖಾಲಿ ಬಿಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಹಾರಕ್ಕೆ ಮೊಳೆಯನ್ನು ಫ್ರೇಮಿನ ತುತ್ತತುದಿಗೆ ಹೊಡೀಬೇಕು, ಇಲ್ಲದಿದ್ದರೆ ಹೂವು ಮುಖ ಮುಚ್ಚುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಅಗ್ಗ. ದೊಡ್ಡ ಹಾರವೇ ತಂದಿದ್ದರು. ದೀಪ ನಿಲ್ಲಲಿಲ್ಲ. ಒಬ್ಬರು ಛತ್ರಿ ಅಡ್ಡ ಹಿಡಿದರು.

ಮೈಕಿಲ್ಲ, ಭಾಷಣ ಇಲ್ಲ. ಐದಾರು ಜನ ಹೆಂಗಸರು ಸುಮ್ನೆ ನಿಂತಿದ್ದರು. ಹಾಲು ಹಾಕುವ ಹೆಣ್ಣುಮಗಳು ಕ್ಯಾನ್ ಕೆಳಗಿಟ್ಟು ಕೈ ಮುಗಿದಳು. ಪೌರಕಾರ್ಮಿಕ ಅಮ್ಮ ಒಬ್ಬರು ಪೊರಕೆ ಒರಗಿಸಿ "ನಮ್ಮವ್ವಂಗೆ ಇವ್ರಂದ್ರೆ ಪ್ರಾಣ" ಅಂದರು. ಅವತ್ತು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡುವುದಿತ್ತು. ಸರೋಜಾದೇವಿಯವರ ತಾಯಿಯ ಸಮಾಧಿ ಪಕ್ಕದಲ್ಲೇ ಅಂತ ಮೇಡಂ ಎಲ್ಲರಿಗೂ ಹೇಳುತ್ತಿದ್ದರು.

ಆ ಕಣ್ಣಿನ ಸಾಲು ಓದಿ ಅಂಗಡಿಗೆ ಬಂದು ಕೇಳಿದವರು ಬಹಳ. ಬೋರ್ಡು ಮಾಡಿದವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಜನರ ನಂಬಿಕೆ. ಗೊತ್ತಿರುವ ಡಾಕ್ಟರ್ ಒಬ್ಬರನ್ನು ಕೇಳಿ ತಿಳಿದುಕೊಂಡೆ. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಡಬೇಕು. ಪೊರೆ ಆಪರೇಷನ್ ಆದವರೂ, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಮನೆಯವರು ಒಪ್ಪಬೇಕು, ಅದೇ ಮುಖ್ಯ. ಅಣ್ಣಾವ್ರೂ ಕಣ್ಣು ಕೊಟ್ಟೇ ಹೋಗಿದ್ದು. ಆ ರಾತ್ರಿ ಬರೆದ ಯಾವ ಬೋರ್ಡಿನಲ್ಲೂ ಅದನ್ನು ಬರೆಯಬೇಕು ಅಂತ ನನಗೆ ಹೊಳೆದಿರಲಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಬೋರ್ಡು ಬಿಚ್ಚಿ ತಂದೆ. ಸಾಮಾನ್ಯವಾಗಿ ಹಳೇ ಫ್ಲೆಕ್ಸನ್ನು ರೈತರು ಒಯ್ದು ಹುಲ್ಲಿನ ಮೆದೆಗೋ ಆಲೂಗೆಡ್ಡೆ ರಾಶಿಗೋ ಹೊದಿಸುತ್ತಾರೆ. ಶ್ರದ್ಧಾಂಜಲಿ ಬೋರ್ಡಾದರೆ ಮುಖದ ತುಂಡು ಕತ್ತರಿಸಿಟ್ಟುಕೊಂಡು ಉಳಿದಿದ್ದನ್ನು ಮಾತ್ರ ಕೊಡ್ತೀನಿ. ಇದನ್ನು ಕತ್ತರಿಸೋಕೆ ಬ್ಲೇಡ್ ತೆಗೆಯುವಷ್ಟರಲ್ಲಿ ಮೇಡಂ ಬಂದರು. ಬಾಕಿ 50 ರೂಪಾಯಿ ಮೇಜಿನ ಮೇಲಿಟ್ಟು, ಪೂರ್ತಿ ನನಗೇ ಬೇಕು, ಹಿತ್ತಲಲ್ಲಿ ಸೌದೆ ನೆನೀತಿದೆ ಅಂದರು.

ನಾನು ಸುತ್ತಿ ಹಗ್ಗ ಕಟ್ಟಿ ಕೊಟ್ಟೆ. ಅವರು ಬಿಚ್ಚಿ ತಿರುಗಾ ಸುತ್ತಿದರು. ನಾನು ಮುಖ ಹೊರಗೆ ಕಾಣುವ ಹಾಗೆ ಸುತ್ತಿದ್ದೆ. ಹೊರಗೆ ಮಳೆ ಬರುತ್ತಿತ್ತು.