ಫ್ರೀ ವಿಲ್ ಇದ್ಯಾ ಇಲ್ವಾ ಅಂತ ಮನೇಲೇ ಟೆಸ್ಟ್ ಮಾಡ್ಕೊಳ್ಳೋದು ಹೇಗೆ

"ನೀವು ಡಿಸೈಡ್ ಮಾಡೋಕೆ ಮುಂಚೇನೇ ನಿಮ್ ಮೆದುಳು ಡಿಸೈಡ್ ಮಾಡಿರತ್ತೆ, ಫ್ರೀ ವಿಲ್ ಅನ್ನೋದೇ, ಅಂದ್ರೆ ನಮ್ ಆಯ್ಕೆ ನಾವೇ ಮಾಡ್ತೀವಿ ಅನ್ನೋದೇ ಭ್ರಮೆ" ಅನ್ನೋ ರೀಲ್ಸ್ ನೋಡಿರ್ತೀರ. ಅದರ ಹಿಂದೆ ಇರೋದು ಹೆಚ್ಚಾಗಿ ಒಂದೇ ಪ್ರಯೋಗ, ಬೆಂಜಮಿನ್ ಲಿಬೆಟ್ ಅನ್ನೋ ಮೆದುಳು ವಿಜ್ಞಾನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿ 1983ರಲ್ಲಿ ಪಬ್ಲಿಶ್ ಮಾಡಿದ್ದು. ಮಜಾ ಏನಂದ್ರೆ ಅದರಲ್ಲಿ ಅರ್ಧ ಭಾಗ ಮನೇಲೇ ಮಾಡಬಹುದು, ಮಿಕ್ಕರ್ಧಕ್ಕೆ ತಲೆಗೆ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯೋ) ವೈರ್ ಅಂಟಿಸ್ಬೇಕು, ಅದು ಬಿಡಿ. ಈ ಅರ್ಧ ಮಾಡಿದ್ರೇನೇ ರೀಲ್ಸ್‌ನವ್ರು ಎಲ್ಲಿ ಜಂಪ್ ಹೊಡೆದಿದಾರೆ ಅಂತ ಗೊತ್ತಾಗತ್ತೆ.

ಬೇಕಾಗಿರೋದು ಒಂದು ಲ್ಯಾಪ್‌ಟಾಪು, ಒಂದು ನೋಟ್‌ಬುಕ್ಕು. ಗೋಡೆ ಗಡಿಯಾರದಲ್ಲಿ ಆಗಲ್ಲ, ಸೆಕೆಂಡ್ ಮುಳ್ಳು ಸಿಕ್ಕಾಪಟ್ಟೆ ನಿಧಾನ. ಲಿಬೆಟ್ ಬಳಸಿದ್ದು ಗಡಿಯಾರದ ಮುಖದ ಥರದ ಒಂದು ಸ್ಕ್ರೀನು, ಅದರ ಅಂಚಲ್ಲಿ ಒಂದು ಬೆಳಕಿನ ಚುಕ್ಕಿ 2.56 ಸೆಕೆಂಡಿಗೆ ಒಂದು ಸುತ್ತು ಹೊಡೀತಿತ್ತು. ಸುತ್ತನ್ನ 60 ಭಾಗ ಮಾಡಿದ್ರೆ ಒಂದೊಂದು ಗೆರೆ ಸುಮಾರು 43 ಮಿಲಿಸೆಕೆಂಡು. ಕೋಡಿಂಗ್ ಬರೋರಿಗೆ ಇದು ಒಂದು ಸಂಜೆ ಕೆಲಸ, ಬರದೇ ಇರೋರು ಯಾವುದಾದ್ರೂ ಎಐ ಚಾಟ್ ಹತ್ರ ಬರೆಸ್ಕೊಳ್ಳಿ: ಚುಕ್ಕಿ ಪ್ರತಿ ಸಲ ಬೇರೆ ಬೇರೆ ಜಾಗದಿಂದ ಶುರುವಾಗ್ಬೇಕು, ಸ್ಪೇಸ್ ಬಾರ್ ಒತ್ತಿದ್ಮೇಲೂ ಸ್ವಲ್ಪ ಹೊತ್ತು ಸುತ್ತಿ ಎಲ್ಲೋ ನಿಲ್ಬೇಕು, ಆಮೇಲೆ ನಾವು ಗಡಿಯಾರದ ಮೇಲೆ ಒಂದು ಜಾಗ ಕ್ಲಿಕ್ ಮಾಡ್ಬೇಕು, ಒತ್ತಿದ ಟೈಮಿಗೂ ಕ್ಲಿಕ್ ಮಾಡಿದ ಜಾಗಕ್ಕೂ ಇರೋ ವ್ಯತ್ಯಾಸ ಮಿಲಿಸೆಕೆಂಡಲ್ಲಿ ಸೇವ್ ಆಗ್ಬೇಕು, ಅಷ್ಟೇ.

ಈಗ ಕೂತ್ಕೊಳ್ಳಿ. ಕಣ್ಣು ಮಧ್ಯದಲ್ಲಿರ್ಲಿ, ಚುಕ್ಕಿ ಹಿಂದೆ ಓಡೋದು ಬೇಡ. ಮೊದಲ ಸುತ್ತು ಸುಮ್ನೆ ಬಿಡಿ. ಆಮೇಲೆ ಯಾವಾಗ ಒತ್ಬೇಕು ಅನ್ಸತ್ತೋ ಆವಾಗ ಒತ್ತಿ, "ಮುಂದಿನ ಸಲ 30ಕ್ಕೆ ಬಂದಾಗ ಒತ್ತೋಣ" ಅಂತ ಪ್ಲಾನ್ ಹಾಕೋ ಹಾಗಿಲ್ಲ, ಹಾಕಿದ್ರೆ ಆ ಸಲದ್ದು ಕ್ಯಾನ್ಸಲ್. ಒತ್ತಿದ್ಮೇಲೆ, ಒತ್ಬೇಕು ಅಂತ ಮೊದಲು ಅನ್ಸಿದಾಗ ಚುಕ್ಕಿ ಎಲ್ಲಿತ್ತೋ ಆ ಜಾಗ ಕ್ಲಿಕ್ ಮಾಡಿ. ಹೀಗೆ 40 ಸಲ. ಲಿಬೆಟ್ ಕೂಡ ಒಂದು ಸರಣೀಲಿ 40 ಸಲಾನೇ ಮಾಡಿಸ್ತಿದ್ದಿದ್ದು. ಹದಿನೈದಿಪ್ಪತ್ತು ಆಗೋಷ್ಟರಲ್ಲಿ ಬೋರ್ ಹೊಡ್ಯತ್ತೆ, ಎದ್ದು ಕಾಫಿ ಕುಡಿದು ಬನ್ನಿ.

ಲಿಬೆಟ್‌ಗೆ ಸಿಕ್ಕಿದ್ದು ಇದು: ಕೈ ಆಡೋಕೆ ಸುಮಾರು 200 ಮಿಲಿಸೆಕೆಂಡ್ ಮುಂಚೆ "ಒತ್ಬೇಕು ಅನ್ಸ್ತು" ಅಂತ ಜನ ಹೇಳ್ತಿದ್ರು, ಆದ್ರೆ ಇಇಜಿ ಗ್ರಾಫು ಸುಮಾರು 550 ಮಿಲಿಸೆಕೆಂಡ್ ಮುಂಚೇನೇ ಏರೋಕೆ ಶುರುವಾಗಿರ್ತಿತ್ತು. ಆ ಏರಿಕೆ ಲಿಬೆಟ್ ಕಂಡುಹಿಡಿದಿದ್ದಲ್ಲ, 1960ರ ದಶಕದಲ್ಲೇ ಜರ್ಮನಿಯ ಕಾರ್ನ್‌ಹೂಬರ್ ಮತ್ತೆ ಡೀಕೆ ಅನ್ನೋ ಇಬ್ರು ತೋರಿಸಿದ್ರು. ಮಧ್ಯೆ ಇರೋ ಈ 350 ಮಿಲಿಸೆಕೆಂಡ್ ಇಟ್ಕೊಂಡೇ ಇಷ್ಟು ವರ್ಷದಿಂದ ಗಲಾಟೆ.

ಇಲ್ಲಿಗೇ ನಿಲ್ಲಿಸ್ಬೇಡಿ, ಅಸಲಿ ಕೆಲಸ ಈಗ ಇರೋದು. ನಿಮ್ ಉತ್ತರಾನ ಎಷ್ಟು ನಂಬಬಹುದು ಅಂತ ನೋಡ್ಬೇಕಲ್ಲ, ಅದಕ್ಕೆ ಒಂದು ರೌಂಡ್ ಏನೂ ಒತ್ತದೇ ಕೂತ್ಕೊಂಡು, ಪ್ರೋಗ್ರಾಮ್ ಎಲ್ಲೋ ಒಂದ್ಕಡೆ ಬೀಪ್ ಹೊಡೆದಾಗ ಚುಕ್ಕಿ ಎಲ್ಲಿತ್ತು ಅಂತ ಹೇಳಿ. ಬೀಪ್ ಟೈಮ್ ಕಂಪ್ಯೂಟರ್‌ಗೆ ಗೊತ್ತಿರೋದ್ರಿಂದ ನಿಮ್ ತಪ್ಪು ಎಷ್ಟು ಅಂತ ಸಿಗತ್ತೆ. ಲಿಬೆಟ್ ಬೀಪ್ ಬದಲು ಚರ್ಮಕ್ಕೆ ಸಣ್ಣ ಕರೆಂಟ್ ಕೊಟ್ಟು ಇದನ್ನೇ ಮಾಡಿದ್ರು, ಸುಮಾರು 50 ಮಿಲಿಸೆಕೆಂಡ್ ಎಡವಟ್ಟು ಬರ್ತಿತ್ತು. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ, ಅದರ ಡಿಲೇನೇ ನಿಮ್ ಲೆಕ್ಕ ಎಲ್ಲಾ ನುಂಗಿ ಹಾಕತ್ತೆ.

ಆಮೇಲೆ ಮೂರನೇ ರೌಂಡು, ನನಗೆ ತುಂಬಾ ಇಷ್ಟ ಆಗಿದ್ದು. ಮತ್ತೆ ಮೊದಲಿನ ಥರಾನೇ ಒತ್ತಿ, ಆದ್ರೆ ಒತ್ತಿದ್ಮೇಲೆ ಒಂದು ಬೀಪ್ ಬರ್ಲಿ, ಅರ್ಧ ಸಲ ತಕ್ಷಣ, ಅರ್ಧ ಸಲ 60 ಮಿಲಿಸೆಕೆಂಡ್ ಲೇಟಾಗಿ, ಯಾವಾಗ ಯಾವುದು ಅಂತ ನಿಮಗೆ ಗೊತ್ತಾಗಬಾರ್ದು. ಬ್ಯಾಂಕ್ಸ್ ಮತ್ತೆ ಐಶಮ್ ಅನ್ನೋರು 2009ರಲ್ಲಿ ಇದೇ ಥರ ಮಾಡಿದಾಗ ಬೀಪ್ ಲೇಟಾದಷ್ಟೂ ಜನ "ಒತ್ಬೇಕು ಅನ್ಸಿದ ಟೈಮನ್ನೂ" ಲೇಟಾಗಿ ಹೇಳಿದ್ರು! ಅನ್ಸೋದು ಒತ್ತೋಕೆ ಮುಂಚೆ, ಬೀಪ್ ಬರೋದು ಒತ್ತಿದ್ಮೇಲೆ, ಆದ್ರೂ ಆಮೇಲೆ ಬಂದಿದ್ದು ಮುಂಚಿನದ್ದರ ಟೈಮ್ ಬದಲಾಯಿಸ್ತು ಅಂದ್ರೆ ನಾವು ಆ ಕ್ಷಣಾನ ನೋಡಿ ಹೇಳ್ತಿಲ್ಲ, ಕೆಲಸ ಆದ್ಮೇಲೆ ಅಂದಾಜು ಕಟ್ತಿದೀವಿ. ಮನೆ ಸ್ಪೀಕರ್‌ನಲ್ಲಿ ಇದು ಅಷ್ಟು ಕ್ಲೀನಾಗಿ ಬರದೇ ಇರಬಹುದು, 40ರ ಬದಲು 80 ಸಲ ಮಾಡಿ. ಇಂಥಾ ಅಂದಾಜಿನ ಮೇಲೆ "ಭ್ರಮೆ" ಅಂತ ತೀರ್ಪು ಕೊಡೋದು ಸ್ವಲ್ಪ ಜಾಸ್ತಿನೇ ಆಯ್ತು.

ಸರಿ, ಆದ್ರೆ ಇಇಜಿ ಗ್ರಾಫ್ ಏರಿದ್ದು ನಿಜ ತಾನೇ ಅಂತೀರ. ನಿಜ. ಅದನ್ನ ಓದೋ ರೀತಿ ಹೀಗೆ. ಆ ಗ್ರಾಫು ಒಂದು ಸಲದ್ದಲ್ಲ, ಕೈ ಆಡಿದ ಕ್ಷಣದಿಂದ ಹಿಂದಕ್ಕೆ ಹೋಗಿ ಹತ್ತಾರು ಸಲದ್ದು ಸೇರಿಸಿ ತೆಗೆದ ಸರಾಸರಿ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷಗಳನ್ನ ಮಾತ್ರ ಆರಿಸ್ಕೊಂಡು ಹಿಂದಿನ ವಾರಗಳ ನೀರಿನ ಮಟ್ಟ ಗ್ರಾಫ್ ಹಾಕಿದ್ರೆ ಏರಿಕೇನೇ ಕಾಣತ್ತೆ, ಹಾಗಂತ 110 ಅಡಿ ಇದ್ದಾಗಲೇ ಈ ವರ್ಷ ತುಂಬೋದು ತೀರ್ಮಾನ ಆಗಿತ್ತು ಅನ್ನಕ್ಕಾಗತ್ತಾ, 110ರ ತನಕ ಬಂದು ಇಳಿದು ಹೋದ ವರ್ಷಗಳು ನಿಮ್ ಲೆಕ್ಕದಲ್ಲೇ ಇಲ್ವಲ್ಲ. 2012ರಲ್ಲಿ ಆರನ್ ಶೂರ್ಗರ್ ಮತ್ತೆ ಅವ್ರ ಜೊತೆಯವ್ರು ಹೆಚ್ಚೂಕಮ್ಮಿ ಇದನ್ನೇ ಗಣಿತದಲ್ಲಿ ತೋರಿಸಿದ್ರು: ಮೆದುಳಲ್ಲಿ ಸುಮ್ನೆ ಏರಿಳಿಯೋ ಗದ್ದಲ ಇರತ್ತೆ, "ಯಾವಾಗ ಬೇಕಾದ್ರೂ ಒತ್ತು" ಅಂದಾಗ ಒತ್ತೋಕೆ ಬೇರೆ ಕಾರಣ ಇಲ್ಲ, ಹಾಗಾಗಿ ಆ ಗದ್ದಲ ಯಾವಾಗ ಗಡಿ ದಾಟತ್ತೋ ಆವಾಗ ಕೈ ಆಡತ್ತೆ. 2008ರ ಇನ್ನೊಂದು ಪ್ರಯೋಗ ಇದೆ, ಮೆದುಳಿನ ಸ್ಕ್ಯಾನ್ ನೋಡಿ ಏಳು ಸೆಕೆಂಡ್ ಮುಂಚೇನೇ ಎಡ ಬಟನ್ನಾ ಬಲ ಬಟನ್ನಾ ಹೇಳಿದ್ರು ಅಂತ ಭಯ ಪಡಿಸ್ತಾರೆ, ಅದರ ಆಕ್ಯುರೆಸಿ 60 ಪರ್ಸೆಂಟ್ ಹತ್ರ. ನಾಣ್ಯ ಹಾರಿಸಿ ಹೇಳಿದ್ರೇನೇ 50 ಬರತ್ತೆ ಸ್ವಾಮಿ.

ನನ್ನ ತಕರಾರು ಅದಕ್ಕಿಂತ ಸಿಂಪಲ್ಲು. ಕಾರಣಾನೇ ಇಲ್ಲದೆ ಬೆರಳು ಆಡಿಸೋದನ್ನ ನೋಡಿ ಮದುವೆ, ಕೆಲಸ, ಲಂಚ ತಗೊಳ್ಳೋದು ಬಿಡೋದು ಎಲ್ಲದರ ಬಗ್ಗೆ ಯಾಕೆ ಮಾತಾಡ್ಬೇಕು? 2019ರಲ್ಲಿ ಉರಿ ಮಾವೊಜ್ ತಂಡದವ್ರು ಜನರಿಗೆ ಬಟನ್ ಒತ್ತಿ ನಿಜವಾದ ಸೇವಾಸಂಸ್ಥೆಗಳಿಗೆ ದುಡ್ಡು ಕೊಡೋ ಆಯ್ಕೆ ಕೊಟ್ರು. ಯಾವುದು ಒತ್ತಿದ್ರೂ ಎರಡೂ ಸಂಸ್ಥೆಗೂ ಸಮಾನ ದುಡ್ಡು ಅನ್ನೋ ಕಡೆ ಇಇಜಿಯ ಆ ಏರಿಕೆ ಬಂತು, ಒತ್ತಿದ ಸಂಸ್ಥೆಗೆ ನಿಜವಾಗ್ಲೂ ಹೆಚ್ಚು ಹೋಗತ್ತೆ ಅಂದಾಗ ಅದು ಇಲ್ಲ ಅನ್ನೋಷ್ಟು ಕಮ್ಮಿ.

ಹಾಗಾಗಿ ಕಾರಣ ಇರೋ ಆಯ್ಕೆಗೂ ಒಂದು ಮನೆ ಟೆಸ್ಟ್ ಬೇಕು, ಇದಕ್ಕೆ ಲ್ಯಾಪ್‌ಟಾಪೂ ಬೇಡ. ಮನೆಯವ್ರ ಜೊತೆ ದರ್ಶಿನಿಗೆ ಹೋಗಿ. ನೀವು ಏನು ಆರ್ಡರ್ ಮಾಡ್ತೀರ ಅಂತ ಅವ್ರು ಚೀಟೀಲಿ ಬರೆದಿಟ್ಕೊಳ್ಳಲಿ, ತೋರಿಸೋ ಹಾಗಿಲ್ಲ. ಬಹುಶಃ ಕರೆಕ್ಟಾಗಿರತ್ತೆ, ಹೆಂಡ್ತಿ ಆಗ್ಲಿ ಗಂಡ ಆಗ್ಲಿ ಸ್ಕ್ಯಾನಿಂಗ್ ಮಷಿನ್‌ಗಿಂತ ಚೆನ್ನಾಗಿ ಹೇಳ್ತಾರೆ. ಅದರಿಂದ ನಿಮ್ ಸ್ವಾತಂತ್ರ್ಯ ಹೋಯ್ತಾ? ನೀವು ಪಕ್ಕದ ಟೇಬಲ್ ಮಗೂಗೆ ಹೊಡೆಯಲ್ಲ ಅಂತಾನೂ ನಾನು ಗ್ಯಾರಂಟಿ ಹೇಳ್ತೀನಿ, ಅದು ನಿಮ್ ಗುಣ, ಬೇಡಿ ಅಲ್ಲ.

ಮುಂದಿನ ಸಲ ಆರ್ಡರ್‌ಗೆ ಮುಂಚೇನೇ ಚೀಟಿ ಓದಿ ಹೇಳ್ಲಿ. ಈಗ ನೋಡಿ, ಮಸಾಲೆ ದೋಸೆ ಅಂತ ಬರೆದಿದ್ರೆ ಹಠಕ್ಕಾದ್ರೂ ಇಡ್ಲಿ ತಗೋಬಹುದು. ಭವಿಷ್ಯ ಗೊತ್ತಾದ ಕೂಡ್ಲೇ ಅದೂ ಒಂದು ಕಾರಣ ಆಗಿ ನಿಮ್ ತಲೆ ಒಳಗೆ ಬಂತು. ಇದರಿಂದ ಕಾರಣಗಳ ಸರಪಳಿ ಮುರೀತು ಅಂತೇನಿಲ್ಲ, ಹಠಕ್ಕೂ ಕಾರಣ ಇದೆ. ಕಾರಣಾನೇ ಇಲ್ಲದ ಇಚ್ಛೆ ಬೇಕು ಅನ್ನೋರಿಗೆ ನನ್ ಹತ್ರ ಕೊಡೋಕೆ ಏನಿಲ್ಲ, ಅದು ಸಿಕ್ಕಿದ್ರೂ ಏನು ಮಾಡ್ತೀರೋ ಗೊತ್ತಿಲ್ಲ.

(ಮನೇಲಿ ಯಾರಾದ್ರೂ ಹಿರಿಯರು "ಎಲ್ಲಾ ಅವನು ಆಡಿಸಿದ ಹಾಗೆ" ಅಂದ್ರೆ ಜಗಳಕ್ಕೆ ಹೋಗ್ಬೇಡಿ. ಗೀತೆ ಹದಿನೆಂಟನೇ ಅಧ್ಯಾಯ 61ನೇ ಶ್ಲೋಕದಲ್ಲಿ ಯಂತ್ರದ ಮೇಲೆ ಕೂರಿಸಿದ ಹಾಗೆ ಈಶ್ವರ ಎಲ್ರನ್ನೂ ತಿರುಗಿಸ್ತಾನೆ ಅಂತ ಇದೆ, ಒಂದೇ ಶ್ಲೋಕ ಬಿಟ್ಟು 63ರಲ್ಲಿ ಪೂರ್ತಿ ಯೋಚನೆ ಮಾಡಿ ನಿನಗೆ ಇಷ್ಟ ಬಂದ ಹಾಗೆ ಮಾಡು ಅಂತಾನೂ ಇದೆ. ಎರಡೂ ಓದಿಸಿ, ಮಧ್ಯಾಹ್ನ ಆರಾಮಾಗಿ ಕಳೆಯತ್ತೆ.)

ಕೊನೇ ಟೆಸ್ಟು ಸ್ವಲ್ಪ ದಿನ ಹಿಡಿಯತ್ತೆ. ಒಂದು ಅಭ್ಯಾಸ ಆರಿಸ್ಕೊಳ್ಳಿ, ಅದನ್ನ ಬಿಡೋಕೆ ಅಥವಾ ಬದಲಾಯಿಸೋಕೆ ಸಾಕಾಗೋಂಥ ಕಾರಣಗಳನ್ನ ಮೊದಲೇ ಬರೆದಿಡಿ, ನೀವೇ ಒಪ್ಪಿ ಸೈನ್ ಹಾಕಿ: ಶುಗರ್ ಜಾಸ್ತಿ ಬಂದ್ರೆ ಕಾಫಿಗೆ ಸಕ್ಕರೆ ಹಾಕಲ್ಲ, ಬೆಳಿಗ್ಗೆ ಬೇಗ ಏಳೋದಿದ್ರೆ ರಾತ್ರಿ ಹತ್ತಾದ್ಮೇಲೆ ರೀಲ್ಸ್ ಇಲ್ಲ, ಮಕ್ಕಳು ಎದುರಿಗಿದ್ರೆ ಫೋನಲ್ಲಿ ಕೂಗಾಡಲ್ಲ. ಆಮೇಲೆ ಕಾರಣ ಎದುರಿಗೆ ಬಂದಾಗೆಲ್ಲ ನಡವಳಿಕೆ ಬದಲಾಯ್ತಾ ಇಲ್ವಾ ಅಂತ ಒಂದು ಟಿಕ್ ಅಥವಾ ಇಂಟು. ಕಾರಣ ಕಂಡಾಗ ಅದಕ್ಕೆ ತಕ್ಕ ಹಾಗೆ ಬದಲಾಗೋಕೆ ಆಗೋದನ್ನೇ ನಾನು ಫ್ರೀ ಅಂತಿರೋದು, ಹಾಗಾಗಿ ಟಿಕ್ ಜಾಸ್ತಿ ಇರೋ ಕಡೆ ನೀವು ಫ್ರೀ ಅನ್ನಬಹುದು, ಇಂಟೇ ತುಂಬಿದ್ರೆ ಅಷ್ಟರ ಮಟ್ಟಿಗೆ ಭ್ರಮೆ ಅನ್ನೋರು ಹೇಳಿದ್ದು ಸರಿ, ಗುಟ್ಕಾ ಬಿಡಕ್ಕಾಗದೇ ಒದ್ದಾಡೋರನ್ನ ನೋಡಿದ್ರೆ ಗೊತ್ತಾಗತ್ತಲ್ಲ. ಒಂದೊಂದಕ್ಕೂ ಬೇರೆ ಪುಟ ಇಡಿ, ಸಕ್ಕರೆದು, ಫೋನ್‌ದು, ಸಿಟ್ಟಿಂದು ಎಲ್ಲಾ ಕೂಡಿಸಿ ಒಂದೇ ಸ್ಕೋರ್ ಮಾಡೋಕೆ ಹೋಗ್ಬೇಡಿ, ಮತ್ತೆ ಟಿಕ್ ಹಾಕೋ ಪೆನ್ನು ನಿಮ್ ಕೈಲಿ ಬೇಡ, ಚೀಟಿ ಬರೆದೋರ ಕೈಲಿ ಕೊಡಿ.